ಟೆನಿಸ್ ಚೆಂಡಿಗೆ ಪ್ರವೇಶವಿಲ್ಲ

2013ರ ಜುಲೈ 12ರಂದು, ಅಮೆರಿಕದ ಟೆಕ್ಸಸ್ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ, ಗರ್ಭಪಾತ ಮಸೂದೆಯ ಚರ್ಚೆ ಕೇಳಲು ಸೆನೆಟ್ ಗ್ಯಾಲರಿಗೆ ಬಂದಿದ್ದ ಮಹಿಳೆಯರ ಕೈಚೀಲಗಳನ್ನು ಭದ್ರತಾ ಸಿಬ್ಬಂದಿ ಜಾಲಾಡಿ, ಒಳಗಿದ್ದ ಟ್ಯಾಂಪನ್ ಮತ್ತು ಸ್ಯಾನಿಟರಿ ಪ್ಯಾಡ್‌ಗಳನ್ನು ವಶಪಡಿಸಿಕೊಂಡರು. ಮೇಲಿನಿಂದ ಯಾರಾದರೂ ಅವನ್ನು ಮಾನ್ಯ ಸದಸ್ಯರ ತಲೆಯ ಮೇಲೆ ಎಸೆದಾರು ಎಂಬುದು ಅವರ ಆತಂಕವಾಗಿತ್ತು. ಅದೇ ಬಾಗಿಲಲ್ಲಿ, ಪರವಾನಗಿ ತೋರಿಸಿದವರು ಸೊಂಟದ ಪಿಸ್ತೂಲಿನ ಸಮೇತ ಒಳಗೆ ಹೋಗಲು ಅಡ್ಡಿಯಿರಲಿಲ್ಲ. ಗುಂಡು ತಗುಲಿದರೆ ಹೋಗುವುದು ಪ್ರಾಣ ಮಾತ್ರ, ಪ್ಯಾಡ್ ತಗುಲಿದರೆ ಮಾನವೇ ಹೋಗುತ್ತದೆ ಎಂದು ಸಭೆ ಭಾವಿಸಿರಬೇಕು. ಸೆನೆಟರ್ ಒಬ್ಬರು ಮಧ್ಯೆ ಪ್ರವೇಶಿಸಿದ ಮೇಲೆ ಈ ಜಪ್ತಿ ನಿಂತಿತು.

ಆ ಕಟ್ಟಡಕ್ಕೆ ಮೆಟಲ್ ಡಿಟೆಕ್ಟರ್ ಬಂದದ್ದೇ 2010ರಲ್ಲಿ, ಹೊರಗಿನ ಮೆಟ್ಟಿಲುಗಳ ಬಳಿ ಒಬ್ಬಾತ ಗುಂಡು ಹಾರಿಸಿದ ಮೇಲೆ. ಆದರೆ ಬಂದೂಕಿನ ಪರವಾನಗಿ ಉಳ್ಳವರಿಗೆ ಬೇರೆಯೇ ಸಾಲು. ಅವರು ಯಂತ್ರದ ಮೂಲಕ ಹಾದುಹೋಗಬೇಕಾಗಿರಲಿಲ್ಲ. ಹೀಗಾಗಿ ದಿನಕ್ಕೆ ಹತ್ತು ಸಲ ಒಳಹೊರಗೆ ಓಡಾಡುವ ಲಾಬಿದಾರರು, ತಿರುಪತಿಯಲ್ಲಿ ಶೀಘ್ರದರ್ಶನದ ಟಿಕೆಟ್ ಕೊಂಡಂತೆ, ಸಾಲು ತಪ್ಪಿಸಿಕೊಳ್ಳುವುದಕ್ಕೆಂದೇ ಪಿಸ್ತೂಲಿನ ಪರವಾನಗಿ ಮಾಡಿಸಿಕೊಂಡರು. ಬಂದೂಕು ಇರಬಹುದಾದವನನ್ನು ತಪಾಸಣೆಯಿಲ್ಲದೆ ಬಿಟ್ಟು, ಇಲ್ಲದವನ ಬೆಲ್ಟನ್ನೂ ಚಿಲ್ಲರೆಯನ್ನೂ ತಟ್ಟೆಗೆ ಹಾಕಿಸುವ ಭದ್ರತಾ ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳುವ ಧೈರ್ಯ ವಿಡಂಬನೆ ಬರೆಯುವವರಿಗೆ ಇರುವುದಿಲ್ಲ. ಶಾಸನ ಬರೆಯುವವರಿಗೆ ಇರುತ್ತದೆ.

ಎಲ್ಲರಿಗೂ ಕಾಣುವಂತೆ ಬಂದೂಕು ಧರಿಸಿ ಓಡಾಡುವ ಹಕ್ಕಿಗೆ ಅಲ್ಲಿ ‘ಓಪನ್ ಕ್ಯಾರಿ’ ಎನ್ನುತ್ತಾರೆ. ಟೆಕ್ಸಸ್‌ನಲ್ಲಿ ಪರವಾನಗಿ ಉಳ್ಳವರಿಗೆ ಪಿಸ್ತೂಲಿನ ಮಟ್ಟಿಗೆ ಈ ಹಕ್ಕು ದೊರೆತದ್ದು 2016ರ ಜನವರಿ 1ರಿಂದ. ಅಲ್ಲಿಯವರೆಗೆ ಪಿಸ್ತೂಲನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳಬೇಕಿತ್ತು, ಆದರೆ ಮಾರುದ್ದದ ರೈಫಲನ್ನು ಹೆಗಲಿಗೇರಿಸಿಕೊಂಡು ಪರವಾನಗಿಯೇ ಇಲ್ಲದೆ ಪೇಟೆ ಸುತ್ತಬಹುದಿತ್ತು. ದೊಡ್ಡ ಚೂರಿಗೆ ಮಾತ್ರ ಅವಕಾಶವಿರಲಿಲ್ಲ. ಟೆಕ್ಸಸ್‌ನ ವೀರಪುರುಷ ಜಿಮ್ ಬೋವಿಯ ಹೆಸರನ್ನೇ ಹೊತ್ತ ಬೋವಿ ಚೂರಿಯನ್ನು ಟೆಕ್ಸಸ್‌ನ ಬೀದಿಯಲ್ಲಿ ಒಯ್ಯುವುದು 2017ರವರೆಗೂ ಅಪರಾಧವಾಗಿತ್ತು. ನೆರೆಯವನು ರೈಫಲ್ ಹಿಡಿದಾನು, ಆದರೆ ಚೂರಿ ಅಪಾಯಕಾರಿ.

ಪಿಸ್ತೂಲು ಕಾಣಿಸಬಾರದೆಂಬ ಅನ್ಯಾಯವನ್ನು ಪ್ರತಿಭಟಿಸಲು 2014ರಲ್ಲಿ ಕೆಲವು ಚಳವಳಿಗಾರರು ರೈಫಲ್‌ಗಳನ್ನು ತಗುಲಿಸಿಕೊಂಡು ಡಲ್ಲಾಸ್‌ನ ಒಂದು ಚಿಪೋಟ್ಲೆ ಹೋಟೆಲಿಗೆ ಊಟಕ್ಕೆ ಹೋದರು. ದಯವಿಟ್ಟು ಬಂದೂಕು ತರಬೇಡಿ ಎಂದು ಆ ಕಂಪನಿ ಗ್ರಾಹಕರನ್ನು ಕೇಳಿಕೊಂಡಿತು. ಬಂದೂಕು ಮಾಲೀಕರ ಬಲಾಢ್ಯ ಸಂಘವಾದ ಎನ್‌ಆರ್‌ಎ ಕೂಡ ಈ ವರ್ತನೆ ವಿಚಿತ್ರವಾಗಿದೆಯೆಂದು ಒಂದು ಹೇಳಿಕೆ ಕೊಟ್ಟಿತು. ಕೆಲವೇ ದಿನಗಳಲ್ಲಿ, ಅದು ಸಿಬ್ಬಂದಿಯೊಬ್ಬರ ವೈಯಕ್ತಿಕ ಅಭಿಪ್ರಾಯವೆಂದು ಹೇಳಿ ಕ್ಷಮೆ ಕೇಳಿತು. ಆ ಸಂಘದ ವಿವೇಕದ ಆಯುಸ್ಸನ್ನು ಇಷ್ಟು ನಿಖರವಾಗಿ ಅಳೆಯುವ ಅವಕಾಶ ಮತ್ತೆ ಸಿಕ್ಕಿದ್ದು ನನಗೆ ನೆನಪಿಲ್ಲ.

ಬಂದೂಕು ಬೇಡವೆನ್ನುವ ಅಂಗಡಿಯವನ ಪಾಡು ಇನ್ನೂ ಸೊಗಸಾಗಿದೆ. ಅವನು ಬಾಗಿಲಿಗೆ ಫಲಕ ಹಾಕಬೇಕು. ಮುಚ್ಚಿಟ್ಟ ಪಿಸ್ತೂಲು ಬೇಡವೆನ್ನಲು ದಂಡಸಂಹಿತೆಯ 30.06ನೆಯ ಕಲಮಿನ ಫಲಕ. ಕಾಣುವ ಪಿಸ್ತೂಲು ಬೇಡವೆನ್ನಲು 30.07ನೆಯ ಕಲಮಿನದು. 2021ರ ಸೆಪ್ಟೆಂಬರ್ 1ರಿಂದ ಪರವಾನಗಿಯಿಲ್ಲದೆಯೂ ಪಿಸ್ತೂಲು ಧರಿಸಬಹುದೆಂದ ಮೇಲೆ, ಅಂಥವರಿಗಾಗಿ 30.05ರ ಮೂರನೆಯ ಫಲಕ. ಮೊದಲ ಎರಡರಲ್ಲಿ ವಾಕ್ಯ ಸರ್ಕಾರ ಹೇಳಿದಂತೆಯೇ ಇರಬೇಕು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಇರಬೇಕು, ಅಕ್ಷರದ ಎತ್ತರ ಒಂದು ಅಂಗುಲಕ್ಕೆ ಕಡಿಮೆಯಿರಬಾರದು, ಬಣ್ಣ ಎದ್ದು ಕಾಣಬೇಕು. ಬಂದೂಕು ತರುವವನಿಗೆ ಪರೀಕ್ಷೆಯಿಲ್ಲ. ಬೇಡವೆನ್ನುವವನ ಅಕ್ಷರಗಳಿಗೆ ಅಳತೆಪಟ್ಟಿ. ಇದರ ಮೇಲೆ, ಆದಾಯದ ನೂರಕ್ಕೆ 51 ಅಥವಾ ಹೆಚ್ಚು ಪಾಲನ್ನು ಸ್ಥಳದಲ್ಲೇ ಕುಡಿಯುವ ಮದ್ಯದಿಂದ ಗಳಿಸುವ ಅಂಗಡಿಗೆ ಕೆಂಪಕ್ಷರದಲ್ಲಿ 51% ಎಂದು ಬರೆದ ಪ್ರತ್ಯೇಕ ಫಲಕವಿದೆ. ಹುರಿದ ಕೋಳಿಯಿಂದ ಅರ್ಧ ಆದಾಯ ಬರುವ ಅಂಗಡಿಯಲ್ಲಿ ಕುಡಿದವನ ಕೈ ನಡುಗುವುದಿಲ್ಲವೆಂದು ನಂಬೋಣ. ಅಂದಹಾಗೆ, ಅದೇ ರಾಜ್ಯದಲ್ಲಿ ಪರರ ತಲೆಗೂದಲು ಕತ್ತರಿಸುವ ಪರವಾನಗಿಗೆ 1,000 ಗಂಟೆಗಳ ತರಬೇತಿ ಬೇಕು.

ನಮ್ಮ ಕೊಡಗಿನವರ ಹೆಸರು ಇಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಯ ಪರವಾನಗಿಯಲ್ಲಿ ವಿನಾಯಿತಿ ಇದೆ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಅಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಕೂರುತ್ತದೆ, ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಗಾಳಿಗೆ ಹಾರುತ್ತವೆ. ಕಾಫಿ ಬೆಳೆಯುವ ಆ ನಾಡಿನಲ್ಲಿ ಕಾಫಿ ಕುಡಿಯುವಾಗ ಆತ್ಮರಕ್ಷಣೆಗೆ ಕೋವಿ ಬೇಕೆಂಬ ವಾದವನ್ನು ನಾನಂತೂ ಕೇಳಿಲ್ಲ. ಅಮೆರಿಕದಲ್ಲಿ ಕಾಫಿ ಅಂಗಡಿಗಳ ಕಂಪನಿ ಸ್ಟಾರ್‌ಬಕ್ಸ್, ಬಂದೂಕು ತರಬೇಡಿರೆಂದು 2013ರಲ್ಲಿ ಗ್ರಾಹಕರಿಗೆ ಬಹಿರಂಗ ಮನವಿಯನ್ನೇ ಮಾಡಬೇಕಾಯಿತು.

ಕೆಟ್ಟವನ ಬಂದೂಕನ್ನು ತಡೆಯಬಲ್ಲದ್ದು ಒಳ್ಳೆಯವನ ಬಂದೂಕು ಮಾತ್ರ ಎಂಬುದು ಈ ಪಂಥದ ಮೂಲಮಂತ್ರ. 2016ರ ಜುಲೈ 7ರಂದು ಡಲ್ಲಾಸ್‌ನ ಒಂದು ಮೆರವಣಿಗೆಯಲ್ಲಿ ಒಬ್ಬ ಕೊಲೆಗಡುಕ ಐವರು ಪೊಲೀಸರನ್ನು ಕೊಂದಾಗ, ಅಲ್ಲಿ ರೈಫಲ್ ಧರಿಸಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಕಾನೂನುಬದ್ಧವಾಗಿಯೇ ನಡೆಯುತ್ತಿದ್ದರು. ಗುಂಡಿನ ಸದ್ದಿಗೆ ಅವರೂ ಎಲ್ಲರಂತೆ ಓಡಿದರು. ಓಡುವವರಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರೆಂದು ಪೊಲೀಸರಿಗೆ ತಿಳಿಯಲಿಲ್ಲ. ರೈಫಲ್ ಧರಿಸಿದ್ದ ಒಬ್ಬ ಕಪ್ಪು ವರ್ಣೀಯನ ಫೋಟೋವನ್ನು ಪೊಲೀಸ್ ಇಲಾಖೆಯೇ ಶಂಕಿತನೆಂದು ಪ್ರಕಟಿಸಿತು, ಅವನು ನಿರಪರಾಧಿಯಾಗಿದ್ದ. ಈ ಹಕ್ಕಿನ ಅಧಿಕೃತ ವಾರಸುದಾರರು ಯಾರೆಂಬುದು ಹಳೆಯ ಪ್ರಶ್ನೆಯೇ. 1967ರ ಮೇ 2ರಂದು ಕಪ್ಪು ವರ್ಣೀಯರ ಹೋರಾಟದ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್‌ನ ಸದಸ್ಯರು ಬಂದೂಕುಗಳೊಂದಿಗೆ ಕ್ಯಾಲಿಫೋರ್ನಿಯಾದ ಶಾಸನಸಭೆಯ ಬಾಗಿಲು ದಾಟಿದರು. ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಒಯ್ಯುವುದನ್ನು ನಿಷೇಧಿಸುವ ಕಾಯ್ದೆಗೆ ಅದೇ ವರ್ಷದ ಬೇಸಿಗೆಯಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು.

ಡಲ್ಲಾಸ್ ಘಟನೆಯಾಗಿ ಎರಡು ವಾರ ತುಂಬುವ ಮೊದಲೇ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶ ನಡೆಯಿತು. ಸಮಾವೇಶದ ಸುತ್ತಲಿನ ವಲಯಕ್ಕೆ ಟೆನಿಸ್ ಚೆಂಡು, ನೀರಿನ ಪಿಚಕಾರಿ, ಆಟಿಕೆ ಪಿಸ್ತೂಲು, ಏಣಿ ಇವನ್ನು ತರಬಾರದೆಂದು ನಗರಾಡಳಿತ ಪಟ್ಟಿ ಹೊರಡಿಸಿತು. ನಿಜವಾದ ಬಂದೂಕು ಪಟ್ಟಿಯಲ್ಲಿರಲಿಲ್ಲ, ಏಕೆಂದರೆ ರಾಜ್ಯದ ಕಾನೂನು ಅದನ್ನು ಮುಟ್ಟಲು ನಗರಕ್ಕೆ ಬಿಡುವುದಿಲ್ಲ. ಆ ದಿನಗಳ ಮಟ್ಟಿಗಾದರೂ ಓಪನ್ ಕ್ಯಾರಿಯನ್ನು ತಡೆಹಿಡಿಯಿರೆಂದು ಪೊಲೀಸರ ಸಂಘದ ಮುಖ್ಯಸ್ಥರು ಬೇಡಿಕೊಂಡಾಗ, ತಮಗೆ ಆ ಅಧಿಕಾರವಿಲ್ಲವೆಂದು ಗವರ್ನರ್ ಜಾನ್ ಕೇಸಿಕ್ ಕಡೆಯಿಂದ ಉತ್ತರ ಬಂತು. ಸಭಾಂಗಣದ ಒಳಗೆ ಮಾತ್ರ ಬಂದೂಕು ನಿಷಿದ್ಧ. ಇದು ಪ್ರತಿನಿಧಿಗಳನ್ನು ನಿರಾಯುಧರನ್ನಾಗಿಸಿ ಅಪಾಯಕ್ಕೆ ಒಡ್ಡುವ ಕ್ರಮವೆಂದು ಮಾರ್ಚ್‌ನಲ್ಲೇ ಒಂದು ಆನ್‌ಲೈನ್ ಮನವಿ ಹುಟ್ಟಿ, 50,000ಕ್ಕೂ ಹೆಚ್ಚು ಸಹಿಗಳನ್ನು ಗಳಿಸಿತ್ತು. ತಾವು ಅದನ್ನು ಓದಿ ನೋಡಬೇಕೆಂದು ಡೊನಾಲ್ಡ್ ಟ್ರಂಪ್ ಹೇಳಿದರು. ಬಂದೂಕಿಗೆ ಅವಕಾಶವಿಲ್ಲವೆಂದು, ಗಣ್ಯರ ರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್ ಗಂಭೀರವಾಗಿ ಸ್ಪಷ್ಟನೆ ಕೊಟ್ಟಿತು. ಮನವಿಯನ್ನು ಬರೆದವನು ತಮಾಷೆಗೆ ಬರೆದಿದ್ದ. ವೃತ್ತಿಬಾಂಧವನಾಗಿ ಅವನ ಬಗ್ಗೆ ನನಗೆ ಅಸೂಯೆಯೂ ಇದೆ, ಅನುಕಂಪವೂ ಇದೆ.

2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡೆ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಕೊಲೆಯಾದರು. ಅಲ್ಲಿಗೆ ಬಂದು ಸೇರಿದ ಬಂದೂಕುಧಾರಿ ಒಳ್ಳೆಯವರ ಸಂಖ್ಯೆ 376. ಎಲ್ಲರೂ ಕಾನೂನು ಪಾಲನೆಯ ಸರ್ಕಾರಿ ಸಿಬ್ಬಂದಿ, ತರಬೇತಿ ಪಡೆದವರು. ತರಗತಿಯ ಬಾಗಿಲು ದಾಟಿ ಹಂತಕನನ್ನು ಕೊಲ್ಲುವ ಹೊತ್ತಿಗೆ 77 ನಿಮಿಷ ಕಳೆದಿತ್ತು. ಮೂರು ದಿನಗಳ ನಂತರ, ಅದೇ ರಾಜ್ಯದ ಹ್ಯೂಸ್ಟನ್‌ನಲ್ಲಿ ಎನ್‌ಆರ್‌ಎಯ ವಾರ್ಷಿಕ ಸಮ್ಮೇಳನ ಆರಂಭವಾಯಿತು. ಎಕರೆಗಟ್ಟಲೆ ಹರಡಿದ್ದ ಪ್ರದರ್ಶನದಲ್ಲಿ ಸದಸ್ಯರು ಬಗೆಬಗೆಯ ಬಂದೂಕುಗಳನ್ನು ಎತ್ತಿ, ಗುರಿ ಹಿಡಿದು ನೋಡಿದರು. ಟ್ರಂಪ್ ಭಾಷಣ ಮಾಡುವ ಸಭಾಂಗಣದ ಬಾಗಿಲಲ್ಲಿ ಸೀಕ್ರೆಟ್ ಸರ್ವಿಸ್‌ನವರು ಎಲ್ಲರನ್ನೂ ಮೆಟಲ್ ಡಿಟೆಕ್ಟರ್ ಮೂಲಕ ದಾಟಿಸಿದರು. ಬಂದೂಕು, ಗುಂಡು, ಚೂರಿ, ಬೆನ್ನುಚೀಲ, ಆಟಿಕೆ ಪಿಸ್ತೂಲು ಎಲ್ಲವೂ ಹೊರಗೇ ಉಳಿಯಬೇಕಿತ್ತು. ಸದಸ್ಯರು ಮರುಮಾತಿಲ್ಲದೆ ಸಾಲಿನಲ್ಲಿ ನಿಂತು, ಬರಿಗೈಯಲ್ಲಿ ಒಳಗೆ ಹೋಗಿ ಕುಳಿತು, ಶಾಲೆಗಳಲ್ಲಿ ಶಿಕ್ಷಕರ ಕೈಗೆ ಬಂದೂಕು ಕೊಡಬೇಕೆಂಬ ಭಾಷಣಕ್ಕೆ ಚಪ್ಪಾಳೆ ತಟ್ಟಿದರು.