ಗೇಣುದ್ದದ ಕಾರಿನ ಹೊಳಪು

ಪ್ಲಾಸ್ಟಿಕ್ ಕಿಟ್ಟಿನ ಬಿಡಿಭಾಗ ಜೋಡಿಸಿ ಪುಟ್ಟ ಮಾಡೆಲ್ ಮಾಡುವವರಲ್ಲಿ ಯುದ್ಧಟ್ಯಾಂಕಿನವರು, ಕಾರಿನವರು ಅಂತ ಎರಡು ಪಂಗಡ. ಟ್ಯಾಂಕಿನವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಬಣ್ಣ ಸೋರಿ ಕೆಳಗಿಳಿಯಿತಾ? ಮಳೆನೀರು ಹರಿದ ಗುರುತು ಅಂದರಾಯಿತು. ದೂಳು ಕೂತಿತಾ? ಯುದ್ಧಭೂಮಿ ಸ್ವಾಮಿ, ದೂಳಿಲ್ಲದೆ ಇರುತ್ತಾ? ಕೈ ಜಾರಿ ಗೀರು ಬಿದ್ದರೆ ಅಲ್ಲೊಂದಿಷ್ಟು ತುಕ್ಕಿನ ಬಣ್ಣ ಮುಟ್ಟಿಸಿದರೆ ಸಾಕು, ನೋಡಿದವರು ಭೇಷ್ ಅನ್ನುತ್ತಾರೆ. (ಟ್ಯಾಂಕಿನವರು ಇದನ್ನು ಓದಿದರೆ ಜಗಳಕ್ಕೆ ಬರುತ್ತಾರೆ. ಬರಲಿ.) ಕಾರು ಮಾಡುವವನಿಗೆ ಇಂಥ ಯಾವ ಸೌಕರ್ಯವೂ ಇಲ್ಲ. ಅವನ ಕಾರು ಈಗಷ್ಟೇ ಶೋರೂಮಿನಿಂದ ಇಳಿದಂತಿರಬೇಕು. ವಾರಗಟ್ಟಲೆ ಕೂತು ಬಣ್ಣ ಹೊಡೆದು, ಯಾರೂ ಕೂತು ಹೊಡೆದೇ ಇಲ್ಲ ಅನ್ನಿಸಬೇಕು. ವಿಚಿತ್ರ ಹವ್ಯಾಸ, ಅಲ್ವಾ?

ತಕರಾರೆಲ್ಲ ಅಳತೆಯದ್ದು. ಮಾಡೆಲ್ ಕಾರುಗಳಲ್ಲಿ ಜಾಸ್ತಿ ಸಿಗುವುದು 1/24 ಮತ್ತು 1/25 ಅಳತೆಯವು. ಜಪಾನಿನ ತಮಿಯಾದಂಥವರಿಗೆ 1/24 ರೂಢಿ, ಅಮೆರಿಕದ ಎಎಂಟಿಯಂಥ ಹಳೆಯ ಕಂಪನಿಗಳಿಗೆ 1/25. ನಾಲ್ಕೂವರೆ, ಐದು ಮೀಟರಿನ ಕಾರು ಗೇಣುದ್ದಕ್ಕೆ ಇಳಿಯುತ್ತದೆ. ಕಾರೇನೋ ಕುಗ್ಗಿತು. ಬಣ್ಣ ಕುಗ್ಗಲಿಲ್ಲ, ದೂಳೂ ಕುಗ್ಗಲಿಲ್ಲ. ನಿಜವಾದ ಕಾರಿನ ಮೇಲೆ ಪ್ರೈಮರ್ ಅನ್ನುವ ಅಡಿಬಣ್ಣ, ಅದರ ಮೇಲಿನ ಬಣ್ಣ, ಹೊಳಪಿಗೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿದರೂ ದಪ್ಪ ಹೆಚ್ಚುಕಮ್ಮಿ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಷ್ಟೇ ದಪ್ಪ ಮಾಡೆಲ್ ಮೇಲೆ ಬಿದ್ದರೆ, ದೊಡ್ಡ ಕಾರಿಗೆ ಎರಡೂವರೆ ಮಿಲಿಮೀಟರ್ ಬಣ್ಣ ಮೆತ್ತಿದ ಲೆಕ್ಕ. ಬಾಗಿಲಿನ ಸಂದು, ಬಾನೆಟ್ಟಿನ ಸಂದು ಎಲ್ಲ ಮುಚ್ಚಿಹೋಗಲು ಇನ್ನೇನು ಬೇಕು? ಅದಕ್ಕೇ ಬಲ್ಲವರು ಬಣ್ಣದ ಡಬ್ಬಿ ತೆರೆಯುವ ಮೊದಲೇ ಆ ಸಂದುಗಳನ್ನು ಚೂಪು ಮೊನೆಯಿಂದ ಇನ್ನಷ್ಟು ಆಳಕ್ಕೆ ಕೊರೆದಿಟ್ಟುಕೊಳ್ಳುತ್ತಾರೆ. ಮೆಟಾಲಿಕ್ ಬಣ್ಣದ್ದೂ ಇದೇ ಕಥೆ. ಕಾರಿನ ಕಂಪನಿ ಬಳಸುವ ಬಣ್ಣವನ್ನೇ ತಂದು ಹೊಡೆದರೆ ಅದರೊಳಗಿನ ಮಿನುಗು ಚೂರುಗಳು ಗೇಣುದ್ದದ ಮೈಮೇಲೆ ದಪ್ಪದಪ್ಪವಾಗಿ ಕಣ್ಣಿಗೆ ರಾಚುತ್ತವೆ. ಅಸಲಿ ಬಣ್ಣ ಹಚ್ಚಿದ ಕಾರೇ ನಕಲಿಯಾಗಿ ಕಾಣುತ್ತದೆ.

ಶುರುವಿನ ಕೆಲಸಗಳು ಬೇಸರದವು, ಆದರೆ ಬಿಡುವ ಹಾಗಿಲ್ಲ. ಅಚ್ಚಿನಿಂದ ಬರುವಾಗ ಮೈಗೆ ಅಂಟಿದ ಜಿಡ್ಡನ್ನು ಸೋಪುನೀರಿನಲ್ಲಿ ತೊಳೆಯಬೇಕು, ಅಚ್ಚಿನ ಎರಡು ಭಾಗ ಕೂಡಿದ ಕಡೆ ಎದ್ದ ಗೆರೆಯನ್ನು ಉಜ್ಜಿ ತೆಗೆಯಬೇಕು. ಕಿಟ್ಟಿನ ಪ್ಲಾಸ್ಟಿಕ್ಕೇ ಕೆಂಪಗಿದ್ದರೆ ಇನ್ನೊಂದು ತಲೆನೋವು. ಅದರ ಮೇಲೆ ಬಿಳಿ ಹೊಡೆದರೆ ಒಳಗಿನ ಕೆಂಪು ನಿಧಾನಕ್ಕೆ ಮೇಲೆದ್ದು ಬರುತ್ತದೆ, ನಾಲ್ಕು ದಿನದಲ್ಲಿ ಬಿಳಿ ಕಾರು ಗುಲಾಬಿಯಾಗುತ್ತದೆ. ಪ್ರೈಮರಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೂದು ಪ್ರೈಮರಿನ ಮೇಲೆ ಹಳದಿ ಹೊಡೆದರೆ ಕಳೆಗುಂದುತ್ತದೆ. ಹಳದಿ, ಕೆಂಪು ಮೈದುಂಬಿ ಕಾಣಬೇಕಾದರೆ ಕೆಳಗೆ ಬಿಳಿಯೋ ತಿಳಿ ಗುಲಾಬಿಯೋ ಇರಬೇಕು.

ಆಮೇಲೆ ಸ್ಪ್ರೇ. ಕ್ಯಾನನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸುವವರಿದ್ದಾರೆ. ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ. ಬೆಚ್ಚಗಾದಾಗ ಒಳಗಿನ ಒತ್ತಡ ಏರುತ್ತದೆ, ಬಣ್ಣ ತೆಳುವಾಗುತ್ತದೆ, ಹನಿಗಳು ಸಣ್ಣಗೆ ಒಡೆಯುತ್ತವೆ. (ಕುದಿಯುವ ನೀರು ಮಾತ್ರ ಬೇಡ. ಕ್ಯಾನು ಸಿಡಿಯುತ್ತದೆ.) ಮೊದಲ ಒಂದೆರಡು ಸುತ್ತು ಮಂಜು ಬಿದ್ದಷ್ಟೇ, ಕೆಳಗಿನ ಪ್ರೈಮರ್ ಕಾಣುತ್ತಲೇ ಇರುತ್ತದೆ. ಎದೆ ಹೊಡೆದುಕೊಳ್ಳುವುದು ಕೊನೆಯ ಸುತ್ತಿಗೆ. ಅದು ಒದ್ದೆಯಾಗಿ ಬೀಳಬೇಕು. ಕ್ಯಾನು ದೂರ ಹಿಡಿದರೆ ಬಣ್ಣ ಗಾಳಿಯಲ್ಲೇ ಅರೆ ಒಣಗಿ ತರಿತರಿಯಾಗಿ ಕೂರುತ್ತದೆ. ಹತ್ತಿರ ಹಿಡಿದರೆ, ಇಲ್ಲ ಕೈ ಅರೆಕ್ಷಣ ನಿಂತರೆ, ಬಾಗಿಲ ಕೆಳಗೊಂದು ಧಾರೆ ಇಳಿಯುತ್ತದೆ. ಇವೆರಡರ ನಡುವೆ ಸಿಗುವ ಜಾಗ ತೀರಾ ಕಿರಿದು. ಸರಿಯಾಗಿ ಬಿದ್ದಾಗ ಮಾತ್ರ ಕಣ್ಣೆದುರೇ ಒಂದು ಬದಲಾವಣೆ ಆಗುತ್ತದೆ. ಪುಡಿಪುಡಿಯಾಗಿದ್ದ ಮೇಲ್ಮೈ ಒಂದಕ್ಕೊಂದು ಕೂಡಿಕೊಂಡು ಚಪ್ಪಟೆಯಾಗಿ, ಛಾವಣಿಯ ಮೇಲೆ ಟ್ಯೂಬ್‌ಲೈಟು ನೆಟ್ಟಗೆ ಕಾಣಿಸುತ್ತದೆ.

ಆಗಲೇ ಎಲ್ಲಿಂದಲೋ ಒಂದು ಎಳೆ ತೇಲಿಕೊಂಡು ಬರುತ್ತದೆ. ಕೋಣೆ ಒರೆಸಿ, ಫ್ಯಾನು ಆರಿಸಿ, ನೆಲಕ್ಕೆ ನೀರು ಚಿಮುಕಿಸಿದ್ದರೂ ಬರುತ್ತದೆ. ಅಷ್ಟಗಲ ಮೈಯಲ್ಲಿ ಅದು ಆರಿಸಿಕೊಳ್ಳುವುದು ಬಾನೆಟ್ಟಿನ ನಟ್ಟನಡುವನ್ನೇ. ಕೂದಲಿನಷ್ಟು ದಪ್ಪದ ಎಳೆ, ಈ ಅಳತೆಯಲ್ಲಿ ಎರಡು ಮಿಲಿಮೀಟರಿನ ಹಗ್ಗವಾಗುತ್ತದೆ. ಚಿಮಟಿಗೆ ತಗೊಂಡು ಎತ್ತಿಬಿಡೋಣ ಅಂತ ಬೆರಳು ತುರಿಸುತ್ತದೆ. ಎತ್ತಬಾರದು. ಎಳೆ ಹೋದರೂ ಅದರ ಗುಂಡಿ ಉಳಿಯುತ್ತದೆ. ಕಾರಿನ ಮೇಲೊಂದು ಡಬ್ಬ ಮುಚ್ಚಿಟ್ಟು ಎದ್ದು ಹೋಗುವುದೊಂದೇ ದಾರಿ. ಪೂರ್ತಿ ಒಣಗಿದ ಮೇಲೆ ಉಜ್ಜಿ ತೆಗೆಯಬಹುದು. ಈ ಹವ್ಯಾಸದಲ್ಲಿ ಕೈಚಳಕಕ್ಕಿಂತ ಎದ್ದು ಹೋಗುವ ಬುದ್ಧಿಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ನನ್ನ ಲೆಕ್ಕ.

ಮಳೆಗಾಲದಲ್ಲಿ ಲ್ಯಾಕರ್ ಅನ್ನುವ, ಬೇಗ ಒಣಗುವ ಬಣ್ಣ ಹೊಡೆಯುವವರಿಗೆ ಬೇರೆ ಕಷ್ಟ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಳಿದು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಕಾರಿಗೆ ಬೂದಿ ಬಳಿದ ಹಾಗಾಗುತ್ತದೆ. ಇನ್ನು ನಿಧಾನಕ್ಕೆ ಒಣಗುವ ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಬಣ್ಣ ಸುಕ್ಕುಗಟ್ಟಿ ಏಳುವ ಅಪಾಯವಿದೆ. ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ಆದರೆ ತಂಟೆಯಿಲ್ಲ. ಬಾಗಿಲಿನ ಸಂದುಗಳಿಗೆ ಕಪ್ಪು ಎನಾಮೆಲ್ಲನ್ನು ನೀರಾಗಿಸಿ ಹರಿಸುವುದು, ಆಚೀಚೆ ಚೆಲ್ಲಿದ್ದನ್ನು ಒರೆಸುವುದು ಇದೇ ಧೈರ್ಯದ ಮೇಲೆ.

ಕ್ಲಿಯರ್ ಕೋಟ್ ಗಟ್ಟಿಯಾದ ಮೇಲೆ ಉಜ್ಜುವ ಕೆಲಸ. ಹೊಳೆಯುತ್ತಿರುವ ಕಾರನ್ನು ತಗೊಂಡು ನೀರಿನಲ್ಲಿ ಅದ್ದಿದ ಉಪ್ಪುಕಾಗದದಿಂದ ಮಂಕು ಮಾಡುವುದಕ್ಕೆ ಗುಂಡಿಗೆ ಬೇಕು. 2000 ನಂಬರಿನಿಂದಲೋ 3000ದಿಂದಲೋ ಶುರುಮಾಡಿ, ಇನ್ನೂ ನಯವಾದ ಬಟ್ಟೆಗೆ ಹೋಗಿ, ಕೊನೆಗೆ ಪಾಲಿಷಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಬೇಕು. ಅಂಚುಗಳ ಹತ್ತಿರ ಹೋಗಬಾರದು. ಅಲ್ಲಿ ಬಣ್ಣ ತೆಳ್ಳಗಿರುತ್ತದೆ, ಎರಡು ಸಲ ಜಾಸ್ತಿ ತಿಕ್ಕಿದರೆ ಪ್ರೈಮರ್ ಹಲ್ಲು ಕಿರಿಯುತ್ತದೆ. ಇಷ್ಟೆಲ್ಲ ಪಾಡು ಯಾಕೆ ಅಂದರೆ ಸ್ಪ್ರೇ ಬಿಟ್ಟುಹೋದ ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗನ್ನು ತೊಲಗಿಸುವುದಕ್ಕೆ. ತಮಾಷೆ ಏನೆಂದರೆ, ರಸ್ತೆ ಬದಿ ನಿಂತ ಹೊಸ ಕಾರಿನ ಬಾಗಿಲಿಗೆ ಮುಖ ಹತ್ತಿರ ತಂದು ಓರೆಯಾಗಿ ನೋಡಿ. ಅದೇ ಸಿಪ್ಪೆ ಅಲ್ಲೂ ಇರುತ್ತದೆ! ಕಾರ್ಖಾನೆಯವರು ಬಿಟ್ಟಿದ್ದನ್ನು ನಾವು ಬಿಡುವುದಿಲ್ಲ.

ಈ ಹೊಸತನದ ಹುಚ್ಚಿಗೆ ಒಂದು ವಂಶವೂ ಇದೆ. 1950ರ ದಶಕದಲ್ಲಿ ಅಮೆರಿಕದ ಕಾರು ಮಾರುವವರ ಬಳಿ ಆ ವರ್ಷದ ಕಾರಿನ ಪುಟ್ಟ ಪ್ಲಾಸ್ಟಿಕ್ ಪ್ರತಿಗಳು ಇರುತ್ತಿದ್ದವು, ಕಂಪನಿಯದೇ ಬಣ್ಣಗಳಲ್ಲಿ. ಹಳೆಯವು ಅಸಿಟೇಟ್ ಪ್ಲಾಸ್ಟಿಕ್ಕಿನವು, ವರ್ಷ ಕಳೆದಂತೆ ಸೊಟ್ಟಗಾಗುತ್ತಿದ್ದವು. ಎಎಂಟಿ 1958ರಲ್ಲಿ ಅಂಥವೇ ಕಾರುಗಳನ್ನು ಬಿಡಿಭಾಗಗಳ ಕಿಟ್ ಮಾಡಿ ಮಾರಲು ಶುರುಮಾಡಿತು. ಶೋರೂಮಿನಲ್ಲಿ ಹುಟ್ಟಿದ ಆಟಿಕೆಗೆ ಶೋರೂಮಿನದೇ ಖಯಾಲಿ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ಕಾರು ಮಾಡಬೇಕೆಂದರೆ ಮೈತುಂಬ ಕ್ರೋಮ್ ಪಟ್ಟಿ. ಅದಕ್ಕೆ ಬೇರ್-ಮೆಟಲ್ ಫಾಯಿಲ್ ಅಂತ, ಹಿಂಬದಿಗೆ ಅಂಟು ಬಳಿದ, ಲೋಹದ ತೀರಾ ತೆಳು ಹಾಳೆ ಬರುತ್ತದೆ. ಕಿಟಕಿಯ ಅಂಚಿಗೆ ಒಂದು ತುಂಡು ಅಂಟಿಸಿ, ಟೂತ್‌ಪಿಕ್ಕಿನಿಂದ ನೀವುತ್ತ ಹೋದರೆ ಸುಕ್ಕೆಲ್ಲ ಮಾಯವಾಗಿ ಕೆಳಗಿನ ಗೆರೆಯ ಆಕಾರ ಎದ್ದು ಬರುತ್ತದೆ. ಆಮೇಲೆ ಹೊಸ ಬ್ಲೇಡು. ಹಳೇ ಬ್ಲೇಡು ಕತ್ತರಿಸುವುದಿಲ್ಲ, ಹರಿಯುತ್ತದೆ. ಭಾರ ಹಾಕದೆ, ಗೆರೆ ಹಿಡಿದು ಸುಮ್ಮನೆ ಎಳೆದು, ಬೇಡದ ಭಾಗವನ್ನು ಮೆಲ್ಲಗೆ ಸುಲಿದರೆ ಕೂದಲೆಳೆಯಷ್ಟು ಕಿರಿದಾದ ನಿಜವಾದ ಲೋಹ ಉಳಿಯುತ್ತದೆ. ಯಾವ ಬೆಳ್ಳಿ ಬಣ್ಣವೂ ಅದರ ಹತ್ತಿರ ಸುಳಿಯದು.

ಇಷ್ಟು ಹೊಳಪಿನ ಹುಚ್ಚು ಹಿಡಿದವರೂ ಒಂದು ಕಡೆ ಮಾತ್ರ ಉಲ್ಟಾ ಹೊಡೆಯುತ್ತಾರೆ. ಕಿಟ್ಟಿನಲ್ಲಿ ಬರುವ ಟೈರು ಮಿರಿಮಿರಿ ಮಿಂಚುತ್ತಿರುತ್ತದೆ. ಅದನ್ನು ಉಪ್ಪುಕಾಗದದ ಮೇಲೆ ನಾಲ್ಕು ಸಲ ಉರುಳಿಸಿ, ನೆಲಕ್ಕೆ ತಾಗುವ ಭಾಗವನ್ನು ಸವೆಸಿ ಮಂಕು ಮಾಡುತ್ತಾರೆ. ಎಷ್ಟೇ ಹೊಸ ಕಾರಾದರೂ ಕಾರ್ಖಾನೆಯಿಂದ ಶೋರೂಮಿನ ಗಾಜಿನ ಹಿಂದೆ ಬಂದು ನಿಲ್ಲುವುದಕ್ಕೆ ಒಂದಿಷ್ಟಾದರೂ ಉರುಳಿರಲೇಬೇಕಲ್ಲ.