ನೂರಾರು ಹೈಕು, ಒಂದು ಅವಿಭಾಜ್ಯ ಸಂಖ್ಯೆ ಮತ್ತು ನಮ್ಮ 65ಎ ಕಲಂ

ಡಿವಿಡಿಯ ಬೀಗ ತೆಗೆಯುವ ಡಿ-ಸಿಎಸ್‌ಎಸ್ ಎಂಬ ಪ್ರೋಗ್ರಾಂ ಒಂದನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿದರು, ಹಾಡು ಕಟ್ಟಿದರು, ಹೈಕು ಬರೆದರು, ಕೊನೆಗೆ ಅವಿಭಾಜ್ಯ ಸಂಖ್ಯೆಯನ್ನಾಗಿಯೂ ಮಾಡಿದರು. 2000ದ ಆಸುಪಾಸಿನ ಈ ಪ್ರಸಂಗವನ್ನು ಕಂಪ್ಯೂಟರ್ ಮಂದಿ ಈಗಲೂ ನೆನೆಸಿಕೊಂಡು ನಗುತ್ತಾರೆ. ನಗಬೇಕಾದ್ದೇ. ಆದರೆ ಆ ತಮಾಷೆಗಳನ್ನು ಬರೀ ಹುಡುಗಾಟ ಎಂದು ಪಕ್ಕಕ್ಕಿಡುವವರ ಜೊತೆ ನನಗೆ ತಕರಾರಿದೆ. ಉಪಕರಣವನ್ನೇ ನಿಷೇಧಿಸಲು ಹೊರಡುವ ಕಾನೂನು ಎಲ್ಲಿ ಎಡವುತ್ತದೆ ಅನ್ನುವುದನ್ನು ಅವು ತೋರಿಸಿದಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸಲಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 65ಎ ಕಲಮನ್ನು ಅಳೆದು ನೋಡುವುದಕ್ಕೂ ಅವು ಇವತ್ತು ಉಪಯೋಗಕ್ಕೆ ಬರುತ್ತವೆ.

ಮೊದಲು ಬೀಗದ ವಿಚಾರ. 1996ರಲ್ಲಿ ಡಿವಿಡಿ ಜೊತೆಗೇ ಸಿಎಸ್‌ಎಸ್ (ಕಂಟೆಂಟ್ ಸ್ಕ್ರ್ಯಾಂಬಲ್ ಸಿಸ್ಟಂ) ಎಂಬ ಗೂಢಲಿಪಿ ಬಂತು. ಕೀ ಬರೀ 40 ಬಿಟ್, ಅಂದರೆ 5 ಬೈಟ್. ಅದಕ್ಕಿಂತ ಉದ್ದದ ಕೀಗೆ ಆಗ ಅಮೆರಿಕದ ರಫ್ತು ನಿಯಮಗಳು ಅಡ್ಡ ಬರುತ್ತಿದ್ದವು. ಡಿಸ್ಕಿನ ಒಳಸುತ್ತಿನಲ್ಲಿ, ಮಾಮೂಲಿ ಫೈಲ್‌ಗಳ ಸಾಲಿನಲ್ಲಿ ಕಾಣದ ಜಾಗದಲ್ಲಿ, ಒಂದು ಪಟ್ಟಿ ಇರುತ್ತದೆ. ಒಂದೇ ಡಿಸ್ಕ್ ಕೀಯನ್ನು 408 ಬೇರೆ ಬೇರೆ ಪ್ಲೇಯರ್ ಕೀಗಳಿಂದ ಮುಚ್ಚಿಟ್ಟ ಪಟ್ಟಿ ಅದು. ತೆಗೆದದ್ದು ಸರಿಯೇ ಎಂದು ತಾಳೆ ನೋಡಲು ಜೊತೆಗೊಂದು ಹ್ಯಾಶ್. ಪ್ಲೇಯರ್ ತನ್ನ ಕೀಯಿಂದ ಡಿಸ್ಕ್ ಕೀ ತೆಗೆಯುತ್ತದೆ, ಅದರಿಂದ ಒಂದೊಂದು ಚಿತ್ರದ ಟೈಟಲ್ ಕೀ, ಅದರಿಂದ ಒಂದೊಂದೇ 2048 ಬೈಟಿನ ಸೆಕ್ಟರ್. ಸೆಕ್ಟರಿನ ಮೊದಲ 128 ಬೈಟುಗಳಿಗೆ ಗೂಢಲಿಪಿಯೇ ಇಲ್ಲ. ಒಳಗಿನ ಯಂತ್ರವೆಂದರೆ 17 ಬಿಟ್ ಮತ್ತು 25 ಬಿಟ್‌ನ ಎರಡು ಶಿಫ್ಟ್ ರಿಜಿಸ್ಟರ್‌ಗಳು, ಅಂದರೆ ಬಿಟ್‌ಗಳನ್ನು ಒಂದೊಂದೇ ಜರುಗಿಸುವ ಸಾಲುಗಳು, ಅಷ್ಟೇ. 1999ರಲ್ಲಿ ಪ್ರೋಗ್ರಾಮರ್ ಫ್ರಾಂಕ್ ಸ್ಟೀವನ್‌ಸನ್ ಇದನ್ನು ಬಿಡಿಸಿ ತೋರಿಸಿದರು. ಪ್ಲೇಯರ್ ಕೀ ಒಂದೂ ಇಲ್ಲದೆ, ಆ ಹ್ಯಾಶ್ ಒಂದನ್ನೇ ಹಿಡಿದು, 2ರ 25ನೇ ಘಾತದಷ್ಟು ಪ್ರಯತ್ನದಲ್ಲಿ ಡಿಸ್ಕ್ ಕೀ ಸಿಗುತ್ತದೆ. ಅಂದಿನ ಪೆಂಟಿಯಂಗೂ ಅದಕ್ಕೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಆದರೆ ಬೀಗ ಮೊದಲು ಮುರಿದದ್ದು ಗಣಿತದಿಂದಲ್ಲ. ಕ್ಸಿಂಗ್ ಎಂಬ ವಿಂಡೋಸ್ ಪ್ಲೇಯರ್‌ನಲ್ಲಿ ಕೀಯನ್ನು ಸರಿಯಾಗಿ ಮುಚ್ಚಿಟ್ಟಿರಲಿಲ್ಲ. 1999ರ ಅಕ್ಟೋಬರ್‌ನಲ್ಲಿ ಡಿ-ಸಿಎಸ್‌ಎಸ್ ಹೊರಬಂತು. ಹೊರಗೆ ಹಾಕಿದವನು ನಾರ್ವೆಯ ಯೂನ್ ಲೆಕ್ ಯೊಹಾನ್ಸನ್, ಆಗ 15ರ ಹುಡುಗ. ಜೊತೆಗಿದ್ದವರು ಹೆಸರು ಹೇಳಿಕೊಳ್ಳಲಿಲ್ಲ. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನಲ್ಲಿ ಡಿವಿಡಿ ನೋಡಲು ಆಗ ಪರವಾನಗಿ ಪಡೆದ ಪ್ಲೇಯರೇ ಇರಲಿಲ್ಲ, ಅದಕ್ಕಾಗಿಯೇ ಇದು ಅನ್ನುವುದು ಅವನ ವಾದ. ಹಾಗಿದ್ದರೆ ಡಿ-ಸಿಎಸ್‌ಎಸ್ ವಿಂಡೋಸ್ ಪ್ರೋಗ್ರಾಂ ಯಾಕಾಯಿತು ಎಂದು ಸಿನಿಮಾ ಕಂಪನಿಗಳು ಕೇಳಿದವು. ನ್ಯಾಯವಾದ ಪ್ರಶ್ನೆಯೇ. ಡಿವಿಡಿಯ ಫೈಲ್ ವ್ಯವಸ್ಥೆಯನ್ನು ಲಿನಕ್ಸ್ ಆಗ ಸರಿಯಾಗಿ ಓದುತ್ತಿರಲಿಲ್ಲ ಅನ್ನುವುದು ಯೊಹಾನ್ಸನ್ ಕೊಟ್ಟ ಉತ್ತರ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಮಿಕ್ಕದ್ದೆಲ್ಲ ಕಳ್ಳರ ಪರ ವಕಾಲತ್ತಿನಂತೆ ಕಾಣುತ್ತದೆ. ಡಿಸ್ಕ್ ಅಚ್ಚು ಹಾಕುವ ಕಾರ್ಖಾನೆ ಇಟ್ಟುಕೊಂಡ ಕಳ್ಳನಿಗೆ ಸಿಎಸ್‌ಎಸ್ ಮುರಿಯುವ ಅಗತ್ಯವೇ ಇಲ್ಲ. ಕೀ ಪಟ್ಟಿಯನ್ನೂ ಸೇರಿಸಿ ಬಿಟ್‌ಗೆ ಬಿಟ್ ನಕಲು ಮಾಡಿದರೆ ಯಾವ ಪ್ಲೇಯರಾದರೂ ಅದನ್ನು ಓಡಿಸುತ್ತದೆ. ಅಂಗಡಿಯಲ್ಲಿ ಸಿಗುವ ಖಾಲಿ ಡಿವಿಡಿಯಲ್ಲಿ ಮಾತ್ರ ಕೀ ಬರೆಯುವ ಜಾಗವನ್ನು ಮೊದಲೇ ಬಂದ್ ಮಾಡಿಟ್ಟಿರುತ್ತಾರೆ. ಹೀಗಾಗಿ ಆ ಬೀಗ ತಡೆದದ್ದು ಇಬ್ಬರನ್ನು: ಮನೆಯಲ್ಲಿ ಒಂದು ಪ್ರತಿ ಮಾಡಿಕೊಳ್ಳುವವನನ್ನು, ಮತ್ತು ಪರವಾನಗಿಗೆ ದುಡ್ಡು ಕೊಡದೆ ಪ್ಲೇಯರ್ ಬರೆಯುವವನನ್ನು. ಎರಡನೆಯವನು ಯಾರ ಸಿನಿಮಾವನ್ನೂ ಕದ್ದಿಲ್ಲ.

ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯ 1201ನೇ ಕಲಂ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೀಗ ತೆಗೆಯುವ ಉಪಕರಣವನ್ನು ಹಂಚುವುದೇ ತಪ್ಪು. ಹಂಚಿದವನ ಉದ್ದೇಶ ಏನಿತ್ತು, ಪಡೆದವನು ಏನು ಮಾಡಿದ ಎಂಬುದು ಬಹುಮಟ್ಟಿಗೆ ಗೌಣ. 1999ರ ಡಿಸೆಂಬರ್‌ನಲ್ಲಿ ಸಿಎಸ್‌ಎಸ್ ಪರವಾನಗಿ ಕೊಡುವ ಡಿವಿಡಿ ಸಿಸಿಎ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರ ರಹಸ್ಯದ ದಾವೆ ಹೂಡಿತು. ಮರುತಿಂಗಳು ಸಿನಿಮಾ ಕಂಪನಿಗಳು ನ್ಯೂಯಾರ್ಕ್‌ನಲ್ಲಿ ಡಿ-ಸಿಎಸ್‌ಎಸ್ ಅನ್ನು ತನ್ನ ತಾಣದಲ್ಲಿ ಹಾಕಿದ್ದ 2600 ಎಂಬ ಹ್ಯಾಕರ್ ಪತ್ರಿಕೆಯ ಮೇಲೆ ಬಿದ್ದವು. 2000ದ ಆಗಸ್ಟ್ 17ರಂದು ನ್ಯಾಯಾಧೀಶ ಲೂಯಿಸ್ ಕ್ಯಾಪ್ಲಾನ್ ಕೊಟ್ಟ ತೀರ್ಪಿನಲ್ಲಿ, ಪ್ರೋಗ್ರಾಂ ಹಾಕುವುದಷ್ಟೇ ಅಲ್ಲ, ಬೇರೆಡೆ ಇರುವುದಕ್ಕೆ ಗೊತ್ತಿದ್ದೂ ಲಿಂಕ್ ಕೊಡುವುದಕ್ಕೂ ತಡೆ ಬಿತ್ತು. ಕೋಡ್ ಅಚ್ಚು ಹಾಕಿದ ಟೀ ಶರ್ಟ್ ಮಾರುತ್ತಿದ್ದ ಕಂಪನಿಯೂ ಕ್ಯಾಲಿಫೋರ್ನಿಯಾದ ದಾವೆಯಲ್ಲಿ ಪ್ರತಿವಾದಿಯಾಯಿತು. ಆ ದಾವೆಯಲ್ಲೇ ಇನ್ನೊಂದು ಘಟನೆ ನಡೆಯಿತು. ಡಿವಿಡಿ ಸಿಸಿಎ ತನ್ನ ದಾಖಲೆಗಳ ಜೊತೆ ಡಿ-ಸಿಎಸ್‌ಎಸ್ ಕೋಡನ್ನೇ ಲಗತ್ತಿಸಿ ಕೋರ್ಟಿನ ಬಹಿರಂಗ ಕಡತಕ್ಕೆ ಸಲ್ಲಿಸಿಬಿಟ್ಟಿತ್ತು. ಅದನ್ನು ಮೊಹರು ಮಾಡಿ ಎಂದು ಆಮೇಲೆ ಕೋರಿಕೊಂಡಿತು, ಅಷ್ಟರಲ್ಲಿ ಆ ಲಗತ್ತು ಊರೆಲ್ಲ ಹಬ್ಬಿಯಾಗಿತ್ತು.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಟ ಶುರುವಾದದ್ದು ಇಲ್ಲಿಂದ. ಪಿಗ್‌ಡಾಗ್ ಜರ್ನಲ್ ಎಂಬ ವೆಬ್ ಪತ್ರಿಕೆಯವರು ಡಿ-ಸಿಎಸ್‌ಎಸ್ ಎಂಬ ಅದೇ ಹೆಸರಲ್ಲಿ ಇನ್ನೊಂದು ಪ್ರೋಗ್ರಾಂ ಬಿಟ್ಟರು. ಅದು ವೆಬ್ ಪುಟದ ಅಂದ ನಿರ್ಧರಿಸುವ ಸ್ಟೈಲ್‌ಶೀಟ್‌ಗಳನ್ನು (ಅವಕ್ಕೂ ಸಿಎಸ್‌ಎಸ್ ಎಂದೇ ಹೆಸರು) ಕಿತ್ತುಹಾಕುತ್ತದೆ, ಡಿವಿಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಹೆಸರು ಹುಡುಕಿ ನೋಟಿಸ್ ಕಳಿಸುವ ವಕೀಲರನ್ನು ಸುಸ್ತು ಮಾಡುವುದೇ ಉದ್ದೇಶ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟೂರೆಟ್ಸ್‌ಕಿ ಒಂದು ಗ್ಯಾಲರಿಯನ್ನೇ ತೆರೆದರು. ಅಲ್ಲಿ ಅದೇ ವಿಧಾನ ಸಿ ಭಾಷೆಯಲ್ಲಿದೆ, ಸಾದಾ ಇಂಗ್ಲಿಷ್ ವಾಕ್ಯಗಳಲ್ಲಿದೆ, ಟೀ ಶರ್ಟ್ ಮೇಲಿದೆ, ಕಂಪೈಲರೇ (ಕೋಡನ್ನು ಯಂತ್ರ ಓಡಿಸುವಂತೆ ಮಾಡುವ ಪ್ರೋಗ್ರಾಂ) ಇಲ್ಲದ ಕಲ್ಪಿತ ಭಾಷೆಯೊಂದರಲ್ಲೂ ಇದೆ. 2600 ಪ್ರಕರಣದ ವಿಚಾರಣೆಯಲ್ಲಿ ಅವರು ಸಾಕ್ಷಿ ಹೇಳಿದ್ದೂ ಇದನ್ನೇ: ಕಂಪೈಲರ್ ಇಲ್ಲದ ಭಾಷೆಯಲ್ಲಿ ಬರೆದದ್ದು ಓಡುವುದಿಲ್ಲ, ಆದರೆ ಇವತ್ತು ರಾತ್ರಿ ಯಾರಾದರೂ ಕಂಪೈಲರ್ ಬರೆದರೆ ನಾಳೆ ಓಡುತ್ತದೆ. ಹಾಗಾದರೆ ಅದು ಮಾತೋ, ಯಂತ್ರವೋ? ಗೆರೆ ಎಲ್ಲಿ ಎಳೆಯುತ್ತೀರಿ?

ಹೈಕು ಬರೆದವರು ಪ್ರೋಗ್ರಾಮರ್ ಸೆತ್ ಶೋಯೆನ್, 2001ರಲ್ಲಿ, ಒಟ್ಟು ನಾನೂರಕ್ಕೂ ಹೆಚ್ಚು ಪದ್ಯ. ಬರೀ ವರ್ಣನೆಯಲ್ಲ ಅದು. ಓದಿಕೊಂಡು ಕೂತರೆ ಪ್ರೋಗ್ರಾಂ ಬರೆಯಬಹುದು. ಸೋರಿಹೋದ ಪ್ಲೇಯರ್ ಕೀ ಕೂಡ ಅದರೊಳಗಿದೆ: ಎಂಬತ್ತೊಂದು, ನೂರಾಮೂರು ಎರಡು ಸಲ, ಇನ್ನೂರಕ್ಕೆ ಮೂರು ಕಡಿಮೆ, ಇನ್ನೂರಿಪ್ಪತ್ತನಾಲ್ಕು. ಐದು ಬೈಟ್, ಐದು ಸಂಖ್ಯೆ. ಕರ್ನಾಟಕ ಸಂಗೀತ ಕಲಿತವರಿಗೆ ಇದೇನೂ ಹೊಸತಲ್ಲ. ಕಟಪಯಾದಿಯಲ್ಲಿ ಮೇಚಕಲ್ಯಾಣಿಯ ಮ ಅಂದರೆ 5, ಚ ಅಂದರೆ 6, ತಿರುಗಿಸಿದರೆ 65ನೇ ಮೇಳ. ಅಕ್ಷರದಲ್ಲಿ ಅಂಕಿ ಇಡುವುದು ಕಾವ್ಯದ ಹಳೇ ಕಸುಬು. ಅಂಕಿ ಬೇಡ, ಪದ್ಯ ಇರಲಿ ಎಂದು ಯಾವ ಕೋರ್ಟೂ ಬೇರ್ಪಡಿಸಿ ಆಜ್ಞೆ ಮಾಡಲಾಗದು.

ನನಗೆ ತುಂಬ ಇಷ್ಟವಾದದ್ದು ಪ್ರೋಗ್ರಾಮರ್ ಫಿಲ್ ಕಾರ್ಮಡಿಯ ಅವಿಭಾಜ್ಯ ಸಂಖ್ಯೆ, ಅದೂ 2001ರದ್ದೇ. ಮಾಡುವ ಕ್ರಮ ಹೀಗೆ. ಸಿ ಭಾಷೆಯ ಕೋಡನ್ನು, ಫೈಲ್ ಕುಗ್ಗಿಸುವ ಜಿಜಿಪ್ ಪ್ರೋಗ್ರಾಂನಿಂದ ಕುಗ್ಗಿಸಿ. ಬಂದ ಬೈಟುಗಳನ್ನೆಲ್ಲ ಒಂದೇ ದೊಡ್ಡ ಸಂಖ್ಯೆ ಎಂದು ಓದಿ. ಅದು ತಾನಾಗಿ ಅವಿಭಾಜ್ಯ ಆಗಿರುವ ಸಂಭವ ತೀರಾ ಕಡಿಮೆ, ಯಾಕೆಂದರೆ ಆ ಗಾತ್ರದಲ್ಲಿ ಸುಮಾರು 3,200 ಸಂಖ್ಯೆಗೊಂದು ಮಾತ್ರ ಅವಿಭಾಜ್ಯ ಸಿಗುತ್ತದೆ. ಕೋಡ್ ಕೆಡದಂತೆ ಸಂಖ್ಯೆಯನ್ನು ಬದಲಿಸುತ್ತ ಹೋಗುವ ದಾರಿ ಬೇಕು. ಜಿಜಿಪ್‌ನ ಒಂದು ಗುಣ ಇಲ್ಲಿ ನೆರವಿಗೆ ಬಂತು: ಫೈಲ್ ಮುಗಿದ ಮೇಲೆ ಬಾಲದಲ್ಲಿ ಏನೇ ಕಸ ಇದ್ದರೂ ಅದು ಒಂದು ಎಚ್ಚರಿಕೆ ಕೊಟ್ಟು ಅದನ್ನು ಬಿಟ್ಟುಬಿಡುತ್ತದೆ. ಬಾಲಕ್ಕೆ ಒಂದು ಬೈಟ್ ಸೇರಿಸಿದರೆ 256 ಅವಕಾಶ, ಅದು ಸಾಲದು. ಎರಡು ಬೈಟ್ ಸೇರಿಸಿದರೆ 65,536, ಧಾರಾಳ. ಮೂಲ ಸಂಖ್ಯೆಯನ್ನು 256ರ ವರ್ಗದಿಂದ ಗುಣಿಸಿ 2083 ಕೂಡಿಸಿದಾಗ 1401 ಅಂಕಿಗಳ ಅವಿಭಾಜ್ಯ ಸಿಕ್ಕಿತು. ಕಾರ್ಮಡಿ ಅಲ್ಲಿಗೆ ನಿಲ್ಲಲಿಲ್ಲ. ಬಾಲವನ್ನು 211 ಬೈಟಿಗೆ ಎಳೆದು, 99 ಕೂಡಿಸಿ, 1905 ಅಂಕಿಗಳ ಇನ್ನೊಂದನ್ನು ಹುಡುಕಿದರು. ಗಣಿತಜ್ಞರು ಇಟ್ಟುಕೊಳ್ಳುವ ದೊಡ್ಡ ಅವಿಭಾಜ್ಯಗಳ ಪಟ್ಟಿಯಲ್ಲಿ ತನ್ನ ಗಾತ್ರದ ಬಲದಿಂದಲೇ ಜಾಗ ಪಡೆಯುವಷ್ಟು ದೊಡ್ಡದಾಗಬೇಕು ಅನ್ನುವುದು ಅವರ ಲೆಕ್ಕ. ಈಗ ಆ ಸಂಖ್ಯೆಯನ್ನು ಅಳಿಸಿ ಅನ್ನುವವರು ಗಣಿತದ ದಾಖಲೆಯನ್ನೇ ಅಳಿಸಿ ಅನ್ನಬೇಕು.

ಪರೀಕ್ಷಿಸಿ ನೋಡುವವರಿಗೆ ಎರಡು ಸೂಚನೆ. ಅಂಕಿಗಳನ್ನು ನಕಲು ಮಾಡುವಾಗ ಸಾಲು ಮುರಿದ ಜಾಗಗಳನ್ನೆಲ್ಲ ತೆಗೆಯಿರಿ; ಹೆಕ್ಸ್‌ಗೆ (16ರ ಮೂಲದ ಅಂಕಿಗೆ) ತಿರುಗಿಸಿದಾಗ ಮೊದಲ ಎರಡು ಬೈಟ್ 1ಎಫ್ ಮತ್ತು 8ಬಿ ಬಂದರೆ ಅದು ಜಿಜಿಪ್ ಗುರುತು. ಬರಲಿಲ್ಲವೆಂದರೆ ಎಲ್ಲೋ ಅಂಕಿ ಬಿಟ್ಟುಹೋಗಿದೆ. ಗುರುತು ಸರಿ ಬಂದು, ನಡುವೆ ಒಂದೇ ಒಂದು ಅಂಕಿ ತಪ್ಪಿದ್ದರೂ ಕೊನೆಯಲ್ಲಿರುವ ಸಿಆರ್‌ಸಿ ಎಂಬ ಪರೀಕ್ಷಾ ಸಂಖ್ಯೆ ತಾಳೆಯಾಗದೆ ದೋಷ ತೋರಿಸುತ್ತದೆ.

2007ರಲ್ಲಿ ಎಚ್‌ಡಿ ಡಿವಿಡಿಯ ಎಎಸಿಎಸ್ ಬೀಗಕ್ಕೂ ಇದೇ ಗತಿಯಾಯಿತು. 09 ಎಫ್9 ಎಂದು ಶುರುವಾಗುವ 16 ಬೈಟಿನ ಕೀ ತೆಗೆಸಲು ನೋಟಿಸ್‌ಗಳು ಹೋದವು. ಮೇ 1ರಂದು ಸುದ್ದಿ ಹಂಚಿಕೊಳ್ಳುವ ಡಿಗ್ ತಾಣದ ಬಳಕೆದಾರರು ಮುಖಪುಟವನ್ನೆಲ್ಲ ಅದರಿಂದಲೇ ತುಂಬಿಸಿದರು. ಯಾರೋ ಅದನ್ನು ಧ್ವಜವನ್ನಾಗಿ ಮಾಡಿದರು. ಪರದೆಯ ಒಂದು ಬಣ್ಣಕ್ಕೆ 3 ಬೈಟ್. 15 ಬೈಟಿಗೆ ಐದು ಪಟ್ಟೆ. ಉಳಿದ ಒಂದು ಬೈಟನ್ನು ಮೂಲೆಯಲ್ಲಿ ಅಕ್ಷರದಲ್ಲಿ ಬರೆದರು. ಬಣ್ಣಗಳನ್ನು ಅಳೆದರೆ ಕೀ ಸಿಕ್ಕಿತು. ಒಂದು ಎಚ್ಚರಿಕೆ: ಜೆಪೆಗ್‌ನಲ್ಲಿ ಉಳಿಸಿದರೆ ಬಣ್ಣ ಒಂಚೂರು ಜರುಗಿ ಬೈಟ್ ತಪ್ಪಬಹುದು, ಪಿಎನ್‌ಜಿಯಲ್ಲೇ ಇಡಬೇಕು. ಪ್ರಿನ್ಸ್‌ಟನ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ ಫೆಲ್ಟನ್ ಅದೇ ತಿಂಗಳು, ಬಂದವರಿಗೆಲ್ಲ ತಲಾ ಒಂದು 128 ಬಿಟ್ ಸಂಖ್ಯೆ ಹುಟ್ಟಿಸಿ, ಇದು ನಿಮ್ಮದು, ಒಯ್ಯಿರಿ ಎಂದು ಹಂಚಿದರು. ಒಂದು ಸಂಖ್ಯೆಗೆ ಒಡೆಯನಿರಬಹುದಾದರೆ ಎಲ್ಲ ಸಂಖ್ಯೆಗೂ ಇರಬಹುದಲ್ಲ.

ಈ ತಮಾಷೆಗಳು ಕೋರ್ಟಿನಲ್ಲಿ ಗೆದ್ದವೇ ಎಂದರೆ, ಇಲ್ಲ. 2001ರ ನವೆಂಬರ್ 28ರಂದು ಅಮೆರಿಕದ ಎರಡನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಕೋಡ್ ಎನ್ನುವುದು ಮಾತೇ ಹೌದು ಎಂದು ಒಪ್ಪಿತು. ಆದರೆ ಅದು ಕೆಲಸವನ್ನೂ ಮಾಡುತ್ತದೆ, ಆ ಕೆಲಸ ಮಾಡುವ ಗುಣವನ್ನು ಸರ್ಕಾರ ನಿಯಂತ್ರಿಸಬಹುದು ಎಂದು 2600ರ ಮೇಲಿನ ತಡೆಯನ್ನು ಉಳಿಸಿತು. ಯೊಹಾನ್ಸನ್ ಮಾತ್ರ 2003ರಲ್ಲಿ ಓಸ್ಲೋದ ಎರಡು ಹಂತದ ಕೋರ್ಟುಗಳಲ್ಲೂ ಖುಲಾಸೆಯಾದ. ಕ್ಯಾಲಿಫೋರ್ನಿಯಾದ ದಾವೆಯಲ್ಲಿ 2004ರ ಹೊತ್ತಿಗೆ, ಇಷ್ಟು ಹಬ್ಬಿದ್ದು ರಹಸ್ಯವಾಗಿ ಉಳಿದಿಲ್ಲ ಎಂಬಲ್ಲಿಗೆ ಬಂತು. ಹಬ್ಬಿಸಿದ್ದರಲ್ಲಿ ಟೀ ಶರ್ಟಿನ ಪಾಲೂ ಇದೆ.

ಈಗ ನಮ್ಮ ಕಡೆ. 2012ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿದರೆ ಎರಡು ವರ್ಷದವರೆಗೆ ಸಜೆ, ಜೊತೆಗೆ ದಂಡ. ಇಡೀ ಕಲಮಿನ ಜೀವ ಇರುವುದು ಉದ್ದೇಶ ಎಂಬ ಆ ಶರತ್ತಿನಲ್ಲಿ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕೆ, ಗೂಢಲಿಪಿ ಸಂಶೋಧನೆಗೆ, ಮಾಲೀಕರ ಒಪ್ಪಿಗೆಯಿರುವ ಭದ್ರತಾ ಪರೀಕ್ಷೆಗೆ ಅದು ಅಡ್ಡಿ ಮಾಡುವುದಿಲ್ಲ. ಉಪಕರಣ ಹಂಚುವುದನ್ನೇ ಅಪರಾಧ ಮಾಡುವ ಅಮೆರಿಕದಂಥ ಕಲಂ ನಮ್ಮಲ್ಲಿಲ್ಲ. ದುಡ್ಡು ಕೊಟ್ಟು ತಂದ ಡಿಸ್ಕನ್ನು ಲಿನಕ್ಸ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಮತ್ತು ಸಿಎಸ್‌ಎಸ್ ಬಿಡಿಸುವ ಲಿಬ್‌ಡಿವಿಡಿಸಿಎಸ್‌ಎಸ್ ಲೈಬ್ರರಿ ಹಾಕಿಕೊಂಡು ನೋಡುವವನಿಗೆ ಉಲ್ಲಂಘಿಸುವ ಉದ್ದೇಶ ಎಲ್ಲಿಂದ ಬರಬೇಕು? ಅಂದಹಾಗೆ, ಯಾವ ಡಿಸ್ಕ್ ಯಾವ ಪ್ರದೇಶದಲ್ಲಿ ಓಡಬೇಕು ಎಂಬುದಕ್ಕೆ ರೀಜನ್ ಸಂಖ್ಯೆ ಇರುತ್ತದೆ; ಅಮೆರಿಕದಿಂದ ತಂದ ಡಿಸ್ಕ್ ರೀಜನ್ 1, ನಮ್ಮದು ರೀಜನ್ 5. ಡ್ರೈವ್ ರೀಜನ್ ಬದಲಿಸಲು ಐದೇ ಅವಕಾಶ, ಆಮೇಲೆ ಅಲ್ಲೇ ಬೀಗ ಬೀಳುತ್ತದೆ. ಹಾಗಾಗಿ ಸುಮ್ಮನೆ ಬದಲಿಸುತ್ತ ಕೂರಬೇಡಿ. ಪ್ಲೇಯರ್ ಕೀ ಬಳಸುವ ವಿಧಾನ ಸೋತರೆ ಆ ಲೈಬ್ರರಿಯಲ್ಲಿ ಟೈಟಲ್ ವಿಧಾನವೂ ಇದೆ, ನಿಧಾನ, ಆದರೆ ಪ್ಲೇಯರ್ ಕೀ ಬೇಕಾಗಿಲ್ಲ.

ಅಮೆರಿಕದಂಥ ಕಠಿಣ ಕಲಂ ನಮಗೂ ಬೇಕು ಎಂಬ ಬೇಡಿಕೆ ಬಂದಾಗಲೆಲ್ಲ ಹೈಕುವನ್ನೂ ಅವಿಭಾಜ್ಯ ಸಂಖ್ಯೆಯನ್ನೂ ಎದುರಿಗೆ ಹಿಡಿಯಬೇಕು. ಆದರೆ 65ಎ ಕೂಡ ನಿರ್ದೋಷಿಯಲ್ಲ. ಇನ್ನೊಬ್ಬರಿಗೆ ಬೀಗ ತೆಗೆಯಲು ನೆರವಾಗುವವನು ಆ ವ್ಯಕ್ತಿಯ ಹೆಸರು, ವಿಳಾಸ, ಗುರುತಿನ ವಿವರ ಮತ್ತು ಉದ್ದೇಶವನ್ನು ದಾಖಲೆಯಲ್ಲಿ ಇಡಬೇಕು ಎಂಬ ಉಪಶರತ್ತು ಅದರಲ್ಲಿದೆ. ರಿಪೇರಿ ಅಂಗಡಿಯವನು ಒಂದು ರಿಜಿಸ್ಟರ್ ಇಟ್ಟಾನು. ಕಾಲೇಜಿನಲ್ಲಿ ಲಿನಕ್ಸ್ ಪ್ಯಾಕೇಜುಗಳ ಮಿರರ್ (ಪ್ರತಿಗಳನ್ನಿಟ್ಟು ಹಂಚುವ ಸರ್ವರ್) ನಡೆಸುವವನು ಡೌನ್‌ಲೋಡ್ ಮಾಡಿದ ಪ್ರತಿಯೊಬ್ಬನ ಹೆಸರು, ವಿಳಾಸ ಬರೆದಿಡಬೇಕೇ? ಅಂಧ ಓದುಗರಿಗಾಗಿ ಇ-ಪುಸ್ತಕದ ಬೀಗ ತೆಗೆದು ಧ್ವನಿಗೆ ತಿರುಗಿಸಿಕೊಡುವ ಸ್ವಯಂಸೇವಕ, ಆ ಓದುಗರು ಏನು ಓದುತ್ತಾರೆ ಎಂಬ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು ಕೂರಬೇಕೇ? ನ್ಯಾಯವಾದ ಕೆಲಸಕ್ಕೆ ನೆರವಾಗುವವನ ಮೇಲೆ ಗೂಢಚಾರಿಕೆಯ ಹೊರೆ ಹೊರಿಸುವ ಈ ಉಪಶರತ್ತನ್ನು ತೆಗೆದುಹಾಕಬೇಕು. ಹಕ್ಕುಸ್ವಾಮ್ಯ ಕಾಯ್ದೆಯ ಮುಂದಿನ ತಿದ್ದುಪಡಿಗೆ ಸಾರ್ವಜನಿಕ ಅಭಿಪ್ರಾಯ ಕೇಳಿದ ದಿನ, ನೀವು ಕಳಿಸುವ ಪತ್ರದಲ್ಲಿ ಇದೊಂದು ಸಾಲನ್ನು ದಯವಿಟ್ಟು ಸೇರಿಸಿ: 65ಎ ಕಲಂ, ಉಪಕಲಂ 2, ದಾಖಲೆಯ ಶರತ್ತು ರದ್ದಾಗಲಿ.