ಸಿನಿಮಾ ಬೈಯುವ ಮೊದಲು ಒಮ್ಮೆ ರಿಮೋಟ್ ಕೈಗೆತ್ತಿಕೊಳ್ಳಿ

ಶಿರಸಿ ಕಡೆ ಸಿನಿಮಾ ಹೇಗಿತ್ತು ಅಂತ ಕೇಳಿದರೆ "ಅಡ್ಡಿಲ್ಲೆ" ಅನ್ನುವ ಒಂದೇ ಮಾತಲ್ಲಿ ಉತ್ತರ ಮುಗಿಯುತ್ತದೆ. ಹಿಡಿಸಿದ್ದಕ್ಕೆ ಅಷ್ಟು ಸಾಕು. ಹಿಡಿಸದೇ ಇದ್ದಾಗ ಮಾತ್ರ ಉದ್ದುದ್ದ ಬರೆಯುತ್ತೇವೆ. ಈಗೀಗ ಬರುವ ಅಂಥ ಬರಹಗಳನ್ನು ಓದಿ ನೋಡಿ, ಹೆಚ್ಚಿನವುಗಳಲ್ಲಿ ಇರುವುದು ನಾಲ್ಕೇ ದೂರು. ಮಾತು ಕೇಳಿಸಲಿಲ್ಲ. ಡಬ್ಬಿಂಗ್ ತುಟಿಗೆ ಕೂಡಲಿಲ್ಲ. ಸಿನಿಮಾ ಅಲ್ಲ, ಸೀರಿಯಲ್ ನೋಡಿದ ಹಾಗಾಯಿತು. ಬರೀ ಕತ್ತಲೆ, ಏನೂ ಕಾಣಲಿಲ್ಲ.

ಈ ನಾಲ್ಕೂ ದೂರು ಎಷ್ಟೋ ಸಲ ಸಿನಿಮಾದ್ದಲ್ಲ, ಟಿವಿಯದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ ದೊಡ್ಡ ಪರದೆಯಲ್ಲಿ ನೋಡುವುದು ಹೆಚ್ಚಿನವರಿಗೆ ವರ್ಷಕ್ಕೆ ಒಂದೆರಡು ಸಲದ ಮಾತು. ಉಳಿದದ್ದೆಲ್ಲ ಮನೆಯಲ್ಲೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿತು. ಎರಡು ವರ್ಷ ದುಡಿದು ಮಾಡಿದ ಸಿನಿಮಾ ತನ್ನದಲ್ಲದ ತಪ್ಪಿಗೆ ಬೈಸಿಕೊಳ್ಳಬಾರದು.

ಮೊದಲು ಮಾತು ಕೇಳಿಸದ ವಿಷಯ. ಇದೇ ಎಲ್ಲಕ್ಕಿಂತ ದೊಡ್ಡದು.

ಸಿನಿಮಾದ ಧ್ವನಿಯನ್ನು 5.1 ಎಂಬ ಪದ್ಧತಿಯಲ್ಲಿ ಮಿಕ್ಸ್ ಮಾಡುತ್ತಾರೆ. ಎಡ, ಬಲ, ನಡುವೆ, ಹಿಂದೆ ಎರಡು, ಜೊತೆಗೆ ಗುಡುಗಿನಂಥ ಸದ್ದಿಗೆ ಒಂದು ಸಬ್‌ವೂಫರ್. ಪಾತ್ರಗಳ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ನಮ್ಮ ಟಿವಿಯಲ್ಲಿ ಆ ನಡುವಿನ ಸ್ಪೀಕರೇ ಇಲ್ಲ. ಇರುವುದು ಎರಡು ಸಣ್ಣ ಸ್ಪೀಕರ್, ಅವೂ ನೆಲದ ಕಡೆಗೋ ಗೋಡೆಯ ಕಡೆಗೋ ಮುಖ ಮಾಡಿಕೊಂಡಿರುತ್ತವೆ. ಐದು ಕಡೆಯಿಂದ ಬರಬೇಕಾದ ಸದ್ದನ್ನು ಆ ಎರಡರಲ್ಲೇ ತುಂಬಿದಾಗ ಮಾತಿನ ಮೇಲೆ ಸಂಗೀತ ಬಂದು ಕೂರುತ್ತದೆ. ಅದರ ಮೇಲೆ, ಥಿಯೇಟರಿನಲ್ಲಿ ಪಿಸುಮಾತೂ ಕೇಳುವಷ್ಟು ದನಿ ಇಟ್ಟಿರುತ್ತಾರೆ, ಮನೆಯಲ್ಲಿ ಯಾರೂ ಅಷ್ಟು ಇಡುವುದಿಲ್ಲ. ಮಾತಿಗೆಂದು ವಾಲ್ಯೂಮ್ 30ಕ್ಕೆ ಏರಿಸಿದರೆ ಹೊಡೆದಾಟ ಬಂದ ಕೂಡಲೇ ಮಲಗಿದ ಮಗು ಎದ್ದು ಕೂರುತ್ತದೆ.

ಇದಕ್ಕೆ ಮಾಡಬೇಕಾದ್ದು ಇಷ್ಟು. ಓಟಿಟಿ ಆ್ಯಪ್‌ನಲ್ಲಿ ಸಿನಿಮಾ ಶುರುವಾದ ಮೇಲೆ ಆಡಿಯೋ ಆಯ್ಕೆ ತೆಗೆಯಿರಿ. "ಕನ್ನಡ" ಮತ್ತು "ಕನ್ನಡ 5.1" ಎಂದು ಎರಡು ಇದ್ದರೆ, ಬೇರೆ ಸ್ಪೀಕರ್ ಇಲ್ಲದ ಮನೆಯಲ್ಲಿ 5.1 ಬಿಟ್ಟು ಬರೀ "ಕನ್ನಡ" ಆರಿಸಿ. ನಡುವಿನ ಸ್ಪೀಕರ್ ಇಲ್ಲದ ಹೊರಗಿನ ಸ್ಪೀಕರ್ ಜೋಡಿಸಿದ್ದರೆ, ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ "ಪಾಸ್ ಥ್ರೂ" ಅಥವಾ "ಆಟೋ" ಅಂತ ಇದ್ದರೆ "ಪಿಸಿಎಂ" ಮಾಡಿ. ಸಂಗೀತ ಧಾರಾಳ ಕೇಳುತ್ತಿದೆ, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಇದೆ ಅಂದರೆ ಹೆಚ್ಚಾಗಿ ಇದೇ ಕಾರಣ: ನಡುವಿನ ಸ್ಪೀಕರಿಗೆ ಹೋಗಬೇಕಾದ ಭಾಗ ಎಲ್ಲಿಗೂ ಹೋಗದೆ ಕಳೆದುಹೋಗಿರುತ್ತದೆ. ಆಮೇಲೆ "ಕ್ಲಿಯರ್ ವಾಯ್ಸ್", "ನೈಟ್ ಮೋಡ್", "ಆಟೋ ವಾಲ್ಯೂಮ್" ಇವುಗಳಲ್ಲಿ ಯಾವುದಿದೆಯೋ ಅದನ್ನು ಆನ್ ಮಾಡಿ. ದೊಡ್ಡ ಸದ್ದು ತಗ್ಗಿ ಸಣ್ಣ ಸದ್ದು ಏರುತ್ತದೆ. "ಸರೌಂಡ್" ಎಂಬ ಹೆಸರಿನದ್ದು ಏನೇ ಇದ್ದರೂ ಆಫ್ ಮಾಡಿ, ಅದು ಮಾತನ್ನು ಇನ್ನಷ್ಟು ಮಸುಕು ಮಾಡುತ್ತದೆ.

ಸೌಂಡ್‌ಬಾರ್ ಕೊಳ್ಳುವವರು ವ್ಯಾಟ್ ನೋಡಿ ಕೊಳ್ಳಬೇಡಿ, ಮೊದಲ ಅಂಕಿ ನೋಡಿ. 2.1 ಅಂದರೆ ನಡುವಿನ ಸ್ಪೀಕರ್ ಇಲ್ಲ. 3.1 ಅಂದರೆ ಇದೆ. ಮಾತು ಕೇಳಿಸಬೇಕು ಅನ್ನುವುದೇ ಉದ್ದೇಶವಾದರೆ 3.1 ಬೇಕು.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಕೂತು ಸಿನಿಮಾ ನೋಡುವಾಗ ಯಾವ ಸೆಟ್ಟಿಂಗೂ ಪೂರ್ತಿ ಕೈಹಿಡಿಯುವುದಿಲ್ಲ. ಮಳೆಯ ಸದ್ದು ಕೆಳ ದನಿಯಿಂದ ಮೇಲು ದನಿಯವರೆಗೆ ಎಲ್ಲದರಲ್ಲೂ ಒಟ್ಟಿಗೆ ಇರುತ್ತದೆ. ಮಾತನ್ನು ಮಾತಾಗಿ ಗುರುತಿಸಲು ಬೇಕಾದ ಸ, ಶ, ತ, ಕ ಮುಂತಾದ ಮೆಲುವಾದ ವ್ಯಂಜನಗಳನ್ನೇ ಅದು ಮೊದಲು ನುಂಗುವುದು. ಸ್ವರ ಕೇಳುತ್ತದೆ, ಪದ ತಿಳಿಯುವುದಿಲ್ಲ. ಅಂಥ ರಾತ್ರಿ ಹೆಡ್‌ಫೋನ್ ಹಾಕಿ, ಇಲ್ಲವೇ ಸಬ್‌ಟೈಟಲ್ ಹಾಕಿ. ಹಿಂಜರಿಯುವಂಥದ್ದು ಅದರಲ್ಲಿ ಏನೂ ಇಲ್ಲ.

ಹೆಡ್‌ಫೋನ್ ಇನ್ನೊಂದಕ್ಕೂ ಬೇಕು. ಯಾವ ದೃಶ್ಯದಲ್ಲಿ ಮಾತು ಕೇಳಿಸಲಿಲ್ಲವೋ ಅದನ್ನೇ ಮೊಬೈಲಿನಲ್ಲಿ ಹೆಡ್‌ಫೋನ್ ಹಾಕಿ ಎರಡು ನಿಮಿಷ ಕೇಳಿ. ಅಲ್ಲೂ ತಿಳಿಯದಿದ್ದರೆ ತಪ್ಪು ಸಿನಿಮಾದ್ದೇ, ಧೈರ್ಯವಾಗಿ ಬರೆಯಿರಿ. ಒಂದು ಮಾತ್ರ ಗಮನದಲ್ಲಿರಲಿ. ನಮ್ಮ ಹೆಚ್ಚಿನ ಸಿನಿಮಾಗಳಲ್ಲಿ ಕಲಾವಿದರು ಆಮೇಲೆ ಸ್ಟುಡಿಯೋದಲ್ಲಿ ಕೂತು ಮಾತು ತುಂಬುತ್ತಾರೆ. 2016ರ 'ತಿಥಿ' ಥರದ ಸಿನಿಮಾಗಳಲ್ಲಿ ಚಿತ್ರೀಕರಣದ ಜಾಗದಲ್ಲೇ ಮಾತು ಹಿಡಿದಿದ್ದಾರೆ. ಅಲ್ಲಿ ದೂರ ನಿಂತವನ ಮಾತು ದೂರದಿಂದಲೇ ಕೇಳುತ್ತದೆ, ಗಾಳಿ, ಹಕ್ಕಿ, ಬೈಕು ಎಲ್ಲ ಜೊತೆಗೇ ಬರುತ್ತವೆ. ಅದು ರೆಕಾರ್ಡಿಂಗ್ ಕೆಟ್ಟದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು.

ಇನ್ನು ಡಬ್ಬಿಂಗ್. 2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬಂದ ಮೇಲೆ ಡಬ್ ಆದದ್ದನ್ನು ನೋಡುವವರು ಬಹಳ ಆಗಿದ್ದಾರೆ, ಅಭಿಪ್ರಾಯ ಬರೆಯುವವರೂ ಆಗಿದ್ದಾರೆ. "ತುಟಿ ಒಂದು ಕಡೆ, ಮಾತು ಒಂದು ಕಡೆ" ಅನ್ನುವ ಮೊದಲು ಒಂದು ಪರೀಕ್ಷೆ ಮಾಡಿ. ಪ, ಬ, ಮ ಹೇಳಬೇಕಾದರೆ ಎರಡೂ ತುಟಿ ಮುಚ್ಚಲೇಬೇಕು. 'ತಿಥಿ'ಯ ಹಾಗೆ ಚಿತ್ರೀಕರಣದಲ್ಲೇ ಮಾತು ಹಿಡಿದ ಒಂದು ಕನ್ನಡ ಸಿನಿಮಾ ಹಾಕಿ. ಯಾರಾದರೂ "ಅಮ್ಮ" ಅನ್ನುವ ಹತ್ತಿರದ ಶಾಟ್ ಹುಡುಕಿ. ತುಟಿ ಮುಚ್ಚಿದ ಕ್ಷಣಕ್ಕೇ 'ಮ್ಮ' ಕೇಳಬೇಕು. ತುಟಿ ಮುಚ್ಚಿ ತೆರೆದ ಮೇಲೆ ಕೇಳಿದರೆ ನಿಮ್ಮ ಸೌಂಡ್ ವ್ಯವಸ್ಥೆಯೇ ಹಿಂದೆ ಬೀಳುತ್ತಿದೆ. ಬ್ಲೂಟೂತ್‌ನಲ್ಲಿ ಜೋಡಿಸಿದ ಸ್ಪೀಕರಿನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡವಾಗುವುದು ಮಾಮೂಲು, ಕಣ್ಣಿಗೆ ಗೊತ್ತಾಗಲು ಅಷ್ಟು ಸಾಕು. ಬ್ಲೂಟೂತ್ ತೆಗೆದು ಟಿವಿಯ ಹಿಂದೆ 'ಎಆರ್‌ಸಿ' ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೆ ವಯರ್ ಹಾಕಿ. ಆಗದಿದ್ದರೆ ಸೌಂಡ್ ಮೆನುವಿನಲ್ಲಿ "ಎವಿ ಸಿಂಕ್" ಅಥವಾ "ಲಿಪ್ ಸಿಂಕ್" ಇರುತ್ತದೆ, ಅದನ್ನು ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿ.

ಎಲ್ಲ ಪಾತ್ರಗಳಿಗೂ ಒಂದೇ ಅಳತೆಯಲ್ಲಿ ಮಾತು ತಡವಾದರೆ ಅದು ಯಂತ್ರದ್ದು. ಒಬ್ಬರಿಗೆ ಕೂಡಿ ಇನ್ನೊಬ್ಬರಿಗೆ ಕೂಡದಿದ್ದರೆ ಡಬ್ಬಿಂಗಿನದ್ದು. ಹಿಂದಿಯಿಂದ, ತಮಿಳಿನಿಂದ ಕನ್ನಡಕ್ಕೆ ತರುವಾಗ ಅಲ್ಲೂ ಇಲ್ಲೂ ವಾಕ್ಯದ ಕೊನೆಗೇ ಕ್ರಿಯಾಪದ ಬರುವುದರಿಂದ ಮುಖಭಾವಕ್ಕೆ ಮಾತು ಸುಲಭವಾಗಿ ಹೊಂದುತ್ತದೆ. ಇಂಗ್ಲಿಷಿನಿಂದ ತಂದದ್ದರಲ್ಲಿ ಹಾಗಲ್ಲ, ಅಲ್ಲಿ ನಟ ಒತ್ತಿ ಹೇಳಿದ ಪದ ಒಂದು, ಕನ್ನಡದಲ್ಲಿ ಒತ್ತು ಬೀಳುವ ಪದ ಇನ್ನೊಂದು. ಡಬ್ಬಿಂಗ್ ಬಗ್ಗೆ ಬರೆಯುವವರು ತುಟಿಗಿಂತ ಇದನ್ನು ನೋಡಿದರೆ ಆ ಕೆಲಸ ಮಾಡುವವರಿಗೂ ಉಪಯೋಗ.

"ಸೀರಿಯಲ್ ಥರ ಕಾಣಿಸಿತು" ಎಂಬ ದೂರಿಗೆ ಪರಿಹಾರ ಒಂದೇ ಗುಂಡಿಯಲ್ಲಿದೆ. ಸಿನಿಮಾವನ್ನು ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ. ವಿಡಿಯೋದಲ್ಲಿ ತೆಗೆದ ಹಳೆಯ ಸೀರಿಯಲ್‌ಗಳಲ್ಲಿ ಸೆಕೆಂಡಿಗೆ 50 ಸಲ ಚಲನೆ ದಾಖಲಾಗುತ್ತಿತ್ತು. ನಮ್ಮ ಕಣ್ಣಿಗೆ ಆ ನುಣುಪು ಅಂದರೆ ಸೀರಿಯಲ್ ಎಂದೇ ರೂಢಿಯಾಗಿದೆ. ಹೊಸ ಟಿವಿಗಳು ಎರಡು ಚಿತ್ರಗಳ ನಡುವೆ ತಾವೇ ಹೊಸ ಚಿತ್ರ ಸೃಷ್ಟಿಸಿ ಸೇರಿಸುತ್ತವೆ. ಆಗ ಕೋಟಿ ಖರ್ಚಿನ ದೃಶ್ಯವೂ ಸೆಟ್ ಹಾಕಿ ತೆಗೆದ ಹಾಗೆ ಕಾಣುತ್ತದೆ, ಓಡುವವನ ಕಾಲಿನ ಸುತ್ತ ನೀರಿನಂತೆ ಅಲೆ ಏಳುತ್ತದೆ. 2018ರ ಡಿಸೆಂಬರ್‌ನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮ್ಯಾಕ್ವಾರಿ ಇದನ್ನು ಆಫ್ ಮಾಡಿ ಎಂದು ಬೇಡಿಕೊಂಡು ವಿಡಿಯೋ ಹಾಕಿದ್ದರು. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ, ಇನ್ನು ಎಷ್ಟೋ ಕಂಪನಿಗಳಲ್ಲಿ ಎಂಇಎಂಸಿ. ಸಿನಿಮಾಕ್ಕೆ ಆಫ್ ಮಾಡಿ. ಕ್ರಿಕೆಟ್ಟಿಗೆ ಬೇಕಾದರೆ ಇಟ್ಟುಕೊಳ್ಳಿ. ಮೆನುವಿನಲ್ಲಿ "ಫಿಲ್ಮ್‌ಮೇಕರ್ ಮೋಡ್" ಇದ್ದರೆ ಅದೊಂದನ್ನು ಒತ್ತಿದರೆ ಇದೂ ಹೋಗುತ್ತದೆ, ಅಂಗಡಿಯಲ್ಲಿ ಕಣ್ಸೆಳೆಯಲೆಂದು ಇಟ್ಟ ವಿವಿಡ್ ಬಣ್ಣವೂ ಹೋಗುತ್ತದೆ. ಮೊದಲ ಎರಡು ದಿನ ಚಿತ್ರ ಹಳದಿ ಅನ್ನಿಸಬಹುದು. ಮೂರನೇ ದಿನ ಹಳೆಯದಕ್ಕೆ ಹಾಕಿ ನೋಡಿ, ಎಲ್ಲರ ಮುಖ ನೀಲಿಗಟ್ಟಿದ ಹಾಗಿರುತ್ತದೆ.

ಕತ್ತಲೆಯ ದೂರಿನಲ್ಲಿ ಅರ್ಧ ನಿಜವಿದೆ. 2019ರ ಏಪ್ರಿಲ್‌ನಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ರಾತ್ರಿ ಯುದ್ಧದ ಕಂತು ಬಂದಾಗ ಜಗತ್ತಿನಾದ್ಯಂತ ಜನ ಏನೂ ಕಾಣಲಿಲ್ಲ ಎಂದರು. ಅದರ ಛಾಯಾಗ್ರಾಹಕರು ತಪ್ಪು ಟಿವಿ ಸೆಟ್ಟಿಂಗಿನದ್ದು ಎಂದರು. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಅಷ್ಟಷ್ಟು ಸರಿ. ಜನ ಎಂಥ ಟಿವಿಯಲ್ಲಿ ನೋಡುತ್ತಾರೆ ಎಂಬುದು ಮಾಡುವವರಿಗೂ ಗೊತ್ತಿರಬೇಕು. ನಮ್ಮ ಕಡೆಯಿಂದ ಆಗುವುದು: "ಎನರ್ಜಿ ಸೇವಿಂಗ್" ಅಥವಾ "ಇಕೋ" ಆಫ್ ಮಾಡುವುದು, ಡಾಲ್ಬಿ ವಿಷನ್ (ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚು ತೋರಿಸುವ ಎಚ್‌ಡಿಆರ್ ಚಿತ್ರದ ಒಂದು ಬಗೆ) ಬಂದಾಗ "ಡಾರ್ಕ್" ಬದಲು "ಬ್ರೈಟ್" ಆರಿಸುವುದು. ಕಡಿಮೆ ಬೆಲೆಯ 4ಕೆ ಟಿವಿಗಳ ಮೇಲೆ ಎಚ್‌ಡಿಆರ್ ಎಂದು ಬರೆದಿದ್ದರೂ ಆ ಚಿತ್ರಕ್ಕೆ ಬೇಕಾದಷ್ಟು ಬೆಳಕು ಅವಕ್ಕೆ ಇರುವುದಿಲ್ಲ, ಅದಕ್ಕೇ ಮಂಕು. ಜಗಲಿಯ ಬಾಗಿಲಿಗೆ ಎದುರಾಗಿ ಟಿವಿ ಇಟ್ಟ ಮನೆಗಳಲ್ಲಿ ಹಗಲು ಹೊತ್ತು ಕತ್ತಲೆಯ ದೃಶ್ಯಕ್ಕೆ ಬದಲು ಅಂಗಳದ ತುಳಸಿಕಟ್ಟೆಯೇ ಪರದೆಯಲ್ಲಿ ಕಾಣುತ್ತದೆ. ಅಂಥ ಸಿನಿಮಾ ಹೊರಗೆ ಕತ್ತಲಾದ ಮೇಲೆ ನೋಡಬೇಕು. ನೆಟ್‌ವರ್ಕ್ ಕೂಡ ಮುಖ್ಯ: 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ 5 ಎಂಬಿಪಿಎಸ್ ವೇಗ, 4ಕೆಗೆ 15 ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಘಟ್ಟದ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದರೆ ಮೊದಲು ಕೆಡುವುದು ಕಪ್ಪು ಭಾಗವೇ, ಚೌಕ ಚೌಕವಾಗಿ ಒಡೆಯುತ್ತದೆ.

ಚಾನೆಲ್‌ನಲ್ಲಿ ನೋಡಿದ್ದರೆ ಅದನ್ನು ಬರಹದಲ್ಲಿ ಹೇಳಿಬಿಡಿ. 'ಎ' ಪ್ರಮಾಣಪತ್ರದ ಸಿನಿಮಾ ಟಿವಿಗೆ ಬರಬೇಕಾದರೆ ಕತ್ತರಿ ಹಾಕಿ ಬೇರೆ ಪ್ರಮಾಣಪತ್ರ ಪಡೆಯಬೇಕು. ಅಂದರೆ ನೀವು ನೋಡಿದ್ದು ಬೇರೆಯೇ ಪ್ರತಿ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಅವಕಾಶವಿದೆ. ಅಷ್ಟು ತುಂಡಾದ ಮೇಲೆ "ನಿಧಾನ", "ಹಿಡಿತ ಇಲ್ಲ" ಅನ್ನುವುದು ಸಿನಿಮಾಕ್ಕೆ ನ್ಯಾಯವಲ್ಲ. ಹೊನ್ನಾವರ ಮೂಲದ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ನೋಡುವವರು ಪರದೆಯ ಅಳತೆಯನ್ನು 4:3ರಲ್ಲೇ (ಅಗಲ ನಾಲ್ಕು ಪಾಲು, ಎತ್ತರ ಮೂರು) ಇಡಿ. ಎರಡು ಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ. ಪೂರ್ತಿ ತುಂಬಲೆಂದು ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪವಾಗುತ್ತಾರೆ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಉಳಿಯುವ ಒಂದು ದೂರು ಇದೆ. ಅದನ್ನು ಉತ್ತರ ಕನ್ನಡದ ನೋಡುಗರು ಮಾತ್ರ ಬರೆಯಬಲ್ಲರು, ಮತ್ತು ಬರೆಯಲೇಬೇಕು. ಕರಾವಳಿ ಅಂದ ಕೂಡಲೇ ಸಿನಿಮಾದವರಿಗೆ ಕಾಣುವುದು ಮಂಗಳೂರು, ಉಡುಪಿ. ಕುಮಟೆಯವನ ಬಾಯಲ್ಲೂ ಮಂಗಳೂರು ಕನ್ನಡ, ಅಂಕೋಲೆಯವಳ ಬಾಯಲ್ಲೂ ಅದೇ. ಶಿರಸಿಯ ಹವ್ಯಕರ ಪಾತ್ರ "ಎನಗೆ ಗೊಂತಿಲ್ಲೆ" ಅಂದರೆ ಅದು ದಕ್ಷಿಣ ಕನ್ನಡದ ಹವ್ಯಕರ ಮಾತು. ನಮ್ಮಲ್ಲಿ ಅದು "ಎಂಗೆ ಗೊತ್ತಿಲ್ಲೆ". ಹೊನ್ನಾವರದ ಯಕ್ಷಗಾನ ಎಂದು ತೋರಿಸಿ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಚೆಂಡೆಯನ್ನು ಹೆಗಲಿಗೆ ತೂಗುಹಾಕಿ ಬಾರಿಸುವವರನ್ನು ನಿಲ್ಲಿಸಿದರೆ ಅದು ತಪ್ಪು. 1934ರಲ್ಲಿ ಶುರುವಾದ ಕೆರೆಮನೆ ಮೇಳದ ಊರು ಇದು, ಇಲ್ಲಿಯದು ಬಡಗು, ಅಂದರೆ ಉತ್ತರದ ಶೈಲಿ. ದೈವದ ಕೋಲ ತುಳುನಾಡಿನದು, ಇಲ್ಲಿ ಇರುವುದು ಹಾಲಕ್ಕಿಗಳ ಸುಗ್ಗಿ ಕುಣಿತ, ಶಿರಸಿಯ ಬೇಡರ ವೇಷ.

ಇದನ್ನು "ಭಾಷೆ ಸರಿಯಿಲ್ಲ" ಎಂದು ಒಂದು ಸಾಲಿನಲ್ಲಿ ಬರೆದರೆ ಯಾರಿಗೂ ತಲುಪುವುದಿಲ್ಲ. ಎಷ್ಟನೇ ನಿಮಿಷ, ಯಾವ ಪಾತ್ರ, ಯಾವ ಪದ, ಅದಕ್ಕೆ ಬದಲು ಆ ಊರಿನಲ್ಲಿ ಏನನ್ನುತ್ತಾರೆ. ಈ ನಾಲ್ಕನ್ನೂ ಬರೆಯಿರಿ. ಚಿತ್ರತಂಡದವರ ಪುಟಕ್ಕೆ ಹೋಗಿ ಮರ್ಯಾದೆಯಿಂದಲೇ ಹಾಕಿ. ಮುಂದಿನ ಸಿನಿಮಾಕ್ಕೆ ಸಂಭಾಷಣೆ ಬರೆಯುವವರಿಗೆ ಕುಮಟೆಯವರು "ಎಂತ" ಅನ್ನುವಾಗ ದನಿ ಎಲ್ಲಿ ಏರುತ್ತದೆ ಎಂದು ಹೇಳಿಕೊಡಲು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.